ಗುವಾಂಗ್‌ಶಿಯ ಮಲ್ಲಿಗೆ, ಹಡಗಲಿಯ ಮಲ್ಲಿಗೆ

ಚೀನಾದ ಗುವಾಂಗ್‌ಶಿ ಅಂದಕೂಡ್ಲೆ ಎಲ್ಲರೂ ತೋರಿಸೋದು ಗುಯಿಲಿನ್ ಚಿತ್ರ. ಲೀ ನದಿ, ದಂಡೆಯುದ್ದಕ್ಕೂ ಸುಣ್ಣಕಲ್ಲಿನ ಗುಡ್ಡಗಳು. ಅವರ 20 ಯುವಾನ್ ನೋಟಿನ ಮೇಲೂ ಅದೇ. ಆದ್ರೆ ನಮ್ಮ ಹಿರೇಹಡಗಲಿ ಕಡೆಯವರು ನೋಡಬೇಕಾದ್ದು ಅದೇ ಪ್ರಾಂತ್ಯದ ಹೆಂಗ್‌ಝೌ. ಯಾಕಂದ್ರೆ ಅದು ಮಲ್ಲಿಗೆಯ ಊರು!

ಗುವಾಂಗ್‌ಶಿ ಇರೋದು ದಕ್ಷಿಣದಲ್ಲಿ, ವಿಯೆಟ್ನಾಂ ಗಡಿಗೆ. ಬಿಸಿಲು, ಮಳೆ ಎರಡೂ ಜಾಸ್ತಿ. ಚೀನಾದ ಅರ್ಧಕ್ಕಿಂತ ಹೆಚ್ಚು ಸಕ್ಕರೆ ಅಲ್ಲಿಯ ಕಬ್ಬಿನದು. ಆ ದೇಶದ ಮಲ್ಲಿಗೆಯಲ್ಲಿ ಬಹುಪಾಲು ಹೆಂಗ್‌ಝೌನದು. ಹಗಲು ಮೊಗ್ಗು ಬಿಡಿಸ್ತಾರೆ. ಅರಳೋ ಹೊತ್ತಿಗೆ ಚಹಾ ಎಲೆ ಜೊತೆ ಬೆರೆಸಿ ರಾತ್ರಿಯಿಡೀ ಬಿಡ್ತಾರೆ. ಎಲೆ ಪರಿಮಳ ಹೀರಿಕೊಂಡ ಮೇಲೆ ಹೂ ಜರಡಿ ಹಿಡಿದು ತೆಗೀತಾರೆ. ಒಳ್ಳೆ ಚಹಾ ಬೇಕಾದ್ರೆ ಹೊಸ ಹೂ ಹಾಕಿ ಮತ್ತೆ ಅದೇ ಕೆಲಸ. ಒಂದು ದಿನ ಬಾಳೋ ಹೂ ತಿಂಗಳುಗಟ್ಟಲೆ ಇಡಬಹುದಾದ ಸರಕಾಗುತ್ತೆ. ತಮಾಷೆ ಅಂದ್ರೆ ಆ ಚಹಾ ಎಲೆಯಲ್ಲಿ ಬಹಳಷ್ಟು ಬೇರೆ ಪ್ರಾಂತ್ಯಗಳಿಂದ ಬರೋದು.

ಇನ್ನು ನಮ್ಮ ಕಥೆ. ತಾಲೂಕಿನ ಹೆಸರೇ ಹೂವಿನಹಡಗಲಿ. ವಿಜಯನಗರದ ಕಾಲಕ್ಕೆ ಇಲ್ಲಿಂದ ಹಂಪಿಗೆ ಹೂ ಹೋಗ್ತಿತ್ತು ಅಂತ ಹಿರಿಯರು ಹೇಳ್ತಾರೆ. ಹಡಗಲಿ ಮಲ್ಲಿಗೆಗೆ ಜಿಐ ಟ್ಯಾಗ್ ಕೂಡ ಇದೆ. ಅದರಿಂದ ಬೆಳೆದವನ ಕೈಗೆ ಬಂದದ್ದೇನು? ಹಬ್ಬ, ಮದುವೆ ಇದ್ರೆ ರೇಟು. ಇಲ್ಲದಿದ್ರೆ ಬಿಡಿಸೋ ಕೂಲಿನೂ ಗಿಟ್ಟಲ್ಲ. ಹೊತ್ತಿಗೆ ಮಾರದ ಹೂ ತಿಪ್ಪೆಗೆ.

ಸುಗಂಧ ದ್ರವ್ಯದ ಕಾರ್ಖಾನೆ ಬೇಕು ಅನ್ನೋ ಬೇಡಿಕೆ ಹಳೇದು. ಅದು ಬರಲಿ. ಜೊತೆಗೆ ಚಹಾನೂ ನೋಡಬಾರದಾ? ನಮ್ಮಲ್ಲಿ ಚಹಾ ಬೆಳೆಯಲ್ಲ ನಿಜ, ನೀಲಗಿರಿಯಿಂದ ತರಿಸಬಹುದು. ಅವರದು ದುಂಡುಮಲ್ಲಿಗೆ, ನಮ್ಮದು ಬೇರೆ ಜಾತಿ. ಒಗ್ಗುತ್ತೋ ಇಲ್ವೋ ಕೃಷಿ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿ ಹೇಳಲಿ. ಒಂದು ಷರತ್ತು ಮಾತ್ರ: ಹೂವಿಗೆ ಕನಿಷ್ಠ ಬೆಲೆ ಮೊದಲೇ ಗೊತ್ತಾಗಬೇಕು. ಇಲ್ಲಾಂದ್ರೆ ಕಾರ್ಖಾನೆಯವರೂ ಇನ್ನೊಬ್ಬ ದಲ್ಲಾಳಿ ಆಗ್ತಾರೆ ಅಷ್ಟೇ.

ನೋಡೋಕೆ ಏನಿದೆ ಅಂತೀರಾ? ಹಿರೇಹಡಗಲಿಯಲ್ಲಿ 11ನೇ ಶತಮಾನದ, ಕಲ್ಯಾಣ ಚಾಲುಕ್ಯರ ಕಾಲದ ಕಲ್ಲೇಶ್ವರ ಗುಡಿ. ಹೊಳೆ ದಂಡೆಗೆ ಕುರುವತ್ತಿ, ಕಾರ್ಣಿಕದ ಮೈಲಾರ. 2021ರಲ್ಲಿ ವಿಜಯನಗರ ಜಿಲ್ಲೆ ಆಯ್ತು, ಆದ್ರೂ ಪ್ರವಾಸೋದ್ಯಮ ಅಂದ್ರೆ ಹಂಪಿ ಒಂದೇ. ಹಂಪಿಗೆ ಬಂದವರು ಒಂದು ದಿನ ಈ ಕಡೆ ಬಂದು ಗುಡಿ ನೋಡಿ, ಮಲ್ಲಿಗೆ ಚಹಾ ಕಟ್ಟಿಸಿಕೊಂಡು ಹೋಗೋ ಹಾಗಾಗಬೇಕು.

ಇನ್ನೊಂದು ಮಾತು. ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳು ಸಿಕ್ಕಿದ್ದು ನಮ್ಮ ಹಿರೇಹಡಗಲಿಯಲ್ಲೇ. ಅದರಲ್ಲಿರೋದು ಒಂದು ತೋಟದ ದಾನ. ಚೀನೀಯರು ಮಲ್ಲಿಗೆಗೆ ‘ಮೊಲಿ’ ಅಂತಾರೆ. ಅದು ‘ಮಲ್ಲಿಕಾ’ದಿಂದ ಹೋದ ಪದ ಅಂತ ಭಾಷೆ ಬಲ್ಲವರು ಹೇಳ್ತಾರೆ. ಹೆಸರು ನಮ್ಮಿಂದ ಅಲ್ಲಿಗೆ ಹೋಗಿದೆ. ಹೂ ಹಾಳಾಗದ ಹಾಗೆ ದುಡಿಸೋ ವಿದ್ಯೆ ಅಲ್ಲಿಂದ ಇಲ್ಲಿಗೆ ಬರಲಿ.

ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ ಊರಿನವರೇ, ನೀವೇನಂತೀರಿ?