ಹಿಂದೆ ಬರೋನಿಗೆ ಎರಡು ಕೆಂಪು ಲೈಟು

ಭಾಗ 1/8

ನಮ್ಮ ಕಡೆ ಕೆಲವು ಟ್ರಾಕ್ಟರ್‌ಗಳ ಮುಖ ನೋಡಿದ್ರೆ ಮದುವೆ ಚಪ್ಪರ ನೆನಪಾಗುತ್ತೆ. ಬಾನೆಟ್ ಸುತ್ತ ನೀಲಿ ಸ್ಟ್ರಿಪ್, ಮಡ್‌ಗಾರ್ಡ್ ಮೇಲೆ ಓಡೋ ಲೈಟು, ಟಾಪ್ ಮೇಲೆ ನಾಲ್ಕು ಬಿಳಿ ಫೋಕಸ್, ಹಾಡಿನ ತಾಳಕ್ಕೆ ಬಣ್ಣ ಬದಲಿಸೋ ಬಲ್ಬು. ರೀಲ್ಸ್‌ಗೆ ಸೂಪರ್.

ಈಗ ಹಾಗೇ ನಡ್ಕೊಂಡು ಹಿಂದಕ್ಕೆ ಬನ್ನಿ. ಟ್ರೈಲರ್ ಹಿಂಭಾಗ. ಸಿನಿಮಾ ಟ್ರೈಲರ್ ಅಲ್ಲ ಕಣ್ರಪ್ಪಾ, ಮೆಕ್ಕೆಜೋಳ ತುಂಬೋ ಟ್ರೈಲರ್. ಅಲ್ಲಿ ಏನೈತೆ? ಮಣ್ಣು ಮೆತ್ತಿದ ಕಬ್ಬಿಣ, ಅಳಿಸಿ ಹೋದ ನಂಬರ್, ಒಂದು ಕಾಲದಲ್ಲಿ ಲೈಟು ಇತ್ತು ಅನ್ನೋಕೆ ಸಾಕ್ಷಿಯಾಗಿ ಎರಡು ತೂತು. ಪೂರ್ತಿ ಕತ್ತಲು.

ನನ್ನ ಮಾತು ಇಷ್ಟೇ: ಟ್ರೈಲರ್ ಹಿಂದೆ ಎರಡು ಕೆಂಪು ಎಲ್‌ಇಡಿ ಹತ್ತೋವರೆಗೂ ಟ್ರಾಕ್ಟರ್ ಮುಂದೆ ಒಂದು ಗೇಣು ಸ್ಟ್ರಿಪ್ ಕೂಡ ಅಂಟಿಸಬಾರದು. ಯಾಕೆ ಅಂತ ಇನ್ನು ಏಳು ಭಾಗದಲ್ಲಿ ಹೇಳ್ತೀನಿ. ಉದ್ದ ಐತೆ, ಸೇವ್ ಮಾಡ್ಕೊಂಡು ಓದಿ.

ಭಾಗ 2/8

ಟ್ರಾವೆಲ್ ಟ್ರೈಲರ್ ಅಂತ ಹುಡುಕಿದ್ರೆ ಅಮೆರಿಕದವರ ವಿಡಿಯೋ ಬರುತ್ತೆ. ಕಾರಿನ ಹಿಂದೆ ಪುಟ್ಟ ಮನೆ, ಅದರ ಹೊರಗೋಡೆಗೆ ಸಾಲಾಗಿ ಎಲ್‌ಇಡಿ, ಮುಂದೆ ಕುರ್ಚಿ, ಕಾಫಿ. ಚೆನ್ನಾಗೇ ಇರುತ್ತೆ. ಆದ್ರೆ ನಮಗೂ ಒಂದು ಟ್ರಾವೆಲ್ ಟ್ರೈಲರ್ ಐತೆ ಅನ್ನೋದು ಮರೀಬೇಡಿ.

ತರಳಬಾಳು ಹುಣ್ಣಿಮೆ ವರ್ಷಕ್ಕೊಂದು ಊರಲ್ಲಿ ಒಂಬತ್ತು ದಿನ ನಡೆಯುತ್ತೆ. ಎಷ್ಟು ಹಳ್ಳಿಗಳ ಜನ ಟ್ರಾಕ್ಟರ್ ಕಟ್ಕೊಂಡು ಹೊರಡ್ತಾರೆ! ನಾಯಕನಹಟ್ಟಿ ಜಾತ್ರೆಗೂ ಹಂಗೇ. ತಳಕ್ಕೆ ಹುಲ್ಲು, ಮೇಲೆ ಜಮಖಾನ, ಅದರ ಮೇಲೆ ಅಜ್ಜಿ, ಮಕ್ಕಳು, ರೊಟ್ಟಿ ಗಂಟು, ನೀರಿನ ಕ್ಯಾನು. ಸರಕಿನ ಟ್ರೈಲರ್‌ನಲ್ಲಿ ಜನ ಕೂರಿಸೋದನ್ನ ಕಾನೂನು ಒಪ್ಪಲ್ಲ, ಅದು ಸರಿಯಾದ ಕಾನೂನೇ. ಆದ್ರೂ ಜನ ಹೋಗ್ತಾರೆ. ಜಾತ್ರೆ ಮುಗಿದು ವಾಪಸ್ ಬರೋದು ಯಾವಾಗ? ರಾತ್ರಿ.

ಜಾತ್ರೆ ಇಲ್ಲದಾಗ ಅದೇ ಟ್ರೈಲರ್ ಮೆಕ್ಕೆಜೋಳ, ಈರುಳ್ಳಿ ಹೊತ್ತು ಮಾರ್ಕೆಟ್‌ಗೆ ಹೋಗುತ್ತೆ, ಅಡಿಕೆ ಹೊತ್ತು ಭೀಮಸಮುದ್ರದ ಕಡೆ ಹೋಗುತ್ತೆ. ಹೊಲದಲ್ಲಿ ಲೋಡ್ ಆಗೋದೇ ಸಂಜೆ, ರಸ್ತೆಗೆ ಬರೋ ಹೊತ್ತಿಗೆ ಕತ್ತಲು. ಊರಿನ ರಸ್ತೆ ದಾಟಿದ್ರೆ ಹೈವೇ. ಹಳೇ ನಂಬರ್ 4, ಈಗ 48. ಬೆಂಗಳೂರಿಂದ ಪುಣೆ ಕಡೆ ಹೋಗೋ ಲಾರಿ, ಬಸ್ಸು, ಕಾರು ಎಲ್ಲಾ ಅದೇ ರಸ್ತೇಲಿ. ಅಲ್ಲಿ ಗಂಟೆಗೆ 20 ಕಿಲೋಮೀಟರ್‌ನಲ್ಲಿ ಹೋಗೋ ಕತ್ತಲ ಟ್ರೈಲರ್ ಅಂದ್ರೆ ರಸ್ತೆ ಮಧ್ಯೆ ಎದ್ದು ನಿಂತ ಗೋಡೆ.

ಭಾಗ 3/8

ಲೆಕ್ಕ ಮಾಡೋಣ. ಪಿಯುಸಿ ಫಿಸಿಕ್ಸ್ ಸಾಕು.

ಬೈಕ್ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ರೆ ಸೆಕೆಂಡಿಗೆ ಹತ್ತಿರಹತ್ತಿರ 17 ಮೀಟರ್ ಹೋಗುತ್ತೆ. ಎದುರಿಗೆ ಏನೋ ಐತೆ ಅಂತ ಕಣ್ಣು ನೋಡಿ, ತಲೆಗೆ ಹೊಳೆದು, ಕೈ ಬ್ರೇಕ್ ಹಿಡಿಯೋಕೆ ಒಂದೂವರೆ ಸೆಕೆಂಡ್ ಹಿಡೀರಿ. ಅಷ್ಟರಲ್ಲೇ 25 ಮೀಟರ್ ಹೋಯ್ತು. ಬ್ರೇಕ್ ಹಿಡಿದ ಮೇಲೆ ಒಣ ರಸ್ತೇಲಿ ಪೂರ್ತಿ ನಿಲ್ಲೋಕೆ ಇನ್ನೂ ಸುಮಾರು 25 ಮೀಟರ್. ಒಟ್ಟು 50.

ಎದುರುಗಡೆಯಿಂದ ಗಾಡಿ ಬರ್ತಿದೆ ಅಂತ ಡಿಮ್ ಮಾಡಿದೀರಿ. ಡಿಮ್‌ನಲ್ಲಿ ಎಷ್ಟು ದೂರ ಸರಿಯಾಗಿ ಕಾಣುತ್ತೆ? ಹೆಚ್ಚುಕಮ್ಮಿ 30-40 ಮೀಟರ್. ಅಂದ್ರೆ ಲೈಟಿಲ್ಲದೆ ನಿಂತ ಟ್ರೈಲರ್ ಕಣ್ಣಿಗೆ ಬೀಳೋ ಹೊತ್ತಿಗೆ ಕಾಲ ಮೀರಿರುತ್ತೆ. ಎಷ್ಟೇ ಒಳ್ಳೇ ರೈಡರ್ ಆದ್ರೂ, ಎಷ್ಟೇ ಒಳ್ಳೇ ಬ್ರೇಕ್ ಇದ್ರೂ, ಲೆಕ್ಕವೇ ಕೂಡಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂದಿನ ಕೆಂಪು ಲೈಟು 155 ಮೀಟರ್ ದೂರದಿಂದ ಕಾಣಬೇಕು. 155 ಮೀಟರ್ ಅಂದ್ರೆ ಸುಮಾರು ಎಂಟು ಕ್ರಿಕೆಟ್ ಪಿಚ್ ಉದ್ದ. ಅದೇ ಬೈಕ್‌ನವನಿಗೆ ಆಗ ಸಿಗೋ ಟೈಮ್ 9 ಸೆಕೆಂಡ್. ಲೈಟಿಲ್ಲದಿದ್ರೆ 2 ಸೆಕೆಂಡ್.

9 ಮತ್ತು 2. ನನ್ನ ವಾದವೆಲ್ಲಾ ಈ ಎರಡು ನಂಬರ್ ಮಧ್ಯೆ ಐತೆ.

ಭಾಗ 4/8

ಲೈಟೇ ಇಲ್ಲದ್ದಕ್ಕಿಂತ ಕೆಲವೊಮ್ಮೆ ತಪ್ಪು ಲೈಟು ಡೇಂಜರ್. ನಾನು ಮೂರು ಥರ ನೋಡಿದೀನಿ.

ಒಂದು: ಹಿಂದೆ ಬಿಳಿ ಫೋಕಸ್. ರಾತ್ರಿ ಉಳುಮೆಗೆ ಅಂತ ಟ್ರಾಕ್ಟರ್ ಹಿಂದಕ್ಕೆ ಹಾಕಿರ್ತಾರೆ, ರಸ್ತೆಗೆ ಬಂದ್ರೂ ಆಫ್ ಮಾಡಲ್ಲ. ಹಿಂದೆ ಬರೋನ ಕಣ್ಣಿಗೆ ಅದು ಎದುರಿಂದ ಬರೋ ಗಾಡಿ ಥರ ಕಾಣುತ್ತೆ. ಅವನು ಗಲಿಬಿಲಿಯಾಗಿ ಯಾವ ಕಡೆ ಎಳೀತಾನೋ ಗೊತ್ತಿಲ್ಲ.

ಎರಡು: ಹಿಂದೆ ನೀಲಿ, ಹಸಿರು ಸ್ಟ್ರಿಪ್. ನಿಯಮ ಸರಳ: ಮುಂದಕ್ಕೆ ಕೆಂಪು ಕಾಣಬಾರದು, ಹಿಂದಕ್ಕೆ ಕೆಂಪು ಬಿಟ್ಟು ಬೇರೆ ಕಾಣಬಾರದು. ಇಂಡಿಕೇಟರ್, ರಿವರ್ಸ್ ಲೈಟು, ನಂಬರ್ ಪ್ಲೇಟ್ ಲೈಟಿಗೆ ಮಾತ್ರ ವಿನಾಯಿತಿ. ಇದು ಸುಮ್ನೆ ಮಾಡಿದ ರೂಲ್ ಅಲ್ಲ. ಬಣ್ಣ ನೋಡಿದ ಕೂಡಲೇ ಗಾಡಿ ಬರ್ತಿದೆಯೋ ಹೋಗ್ತಿದೆಯೋ ಗೊತ್ತಾಗಬೇಕು. ರಸ್ತೆಗೆ ಅದೊಂದು ಭಾಷೆ. ಆ ಭಾಷೇಲಿ ಕೆಂಪಿಗೆ ಒಂದೇ ಅರ್ಥ: ಇಲ್ಲಿ ಒಂದು ಗಾಡಿಯ ಬೆನ್ನೈತೆ.

ಮೂರು: ಒಂದೇ ಒಂದು ಕೆಂಪು ಲೈಟು. ಇದು ಬಹಳ ಜನಕ್ಕೆ ಹೊಳೆಯಲ್ಲ. ಕತ್ತಲಲ್ಲಿ ಒಂದೇ ಲೈಟು ಕಂಡ್ರೆ ಹಿಂದಿನವನು ಅದನ್ನ ಬೈಕ್ ಅನ್ಕೋತಾನೆ. ಪಕ್ಕದಲ್ಲಿ ಜಾಗ ಐತೆ ಅಂತ ನುಗ್ತಾನೆ. ಜಾಗ ಇರಲ್ಲ, ಟ್ರೈಲರ್ ಮೂಲೆ ಇರುತ್ತೆ. ಅದಕ್ಕೇ ಎರಡು ತುದಿಗೆ ಎರಡು ಲೈಟು. ಗಾಡಿ ಇದೆ ಅಂತ ಮಾತ್ರ ಅಲ್ಲ, ಎಷ್ಟು ಅಗಲ ಇದೆ ಅಂತನೂ ಹೇಳಬೇಕು.

ಭಾಗ 5/8

"ರೇಡಿಯಂ ಸ್ಟಿಕ್ಕರ್ ಸಾಕಲ್ವಾ?" ಅಂತ ಕೇಳ್ತೀರಿ, ಗೊತ್ತು.

ಸ್ಟಿಕ್ಕರ್ ಬೇಕೇ ಬೇಕು. ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ. ಟ್ರೈಲರ್ ಕೆಟ್ಟು ನಿಂತು, ಟ್ರಾಕ್ಟರ್ ಬಿಚ್ಕೊಂಡು ಹೋದಾಗ ಕಾಯೋದು ಅದೊಂದೇ. ಈಗ ಏನ್ ಮಾಡ್ತೀವಿ? ಸೊಪ್ಪು ಮುರಿದು ಸಿಕ್ಕಿಸ್ತೀವಿ, ಸುತ್ತ ಕಲ್ಲು ಇಡ್ತೀವಿ. ಗಾಡಿ ರಿಪೇರಿ ಆಗಿ ಹೋಗುತ್ತೆ, ಕಲ್ಲು ಅಲ್ಲೇ ಉಳಿಯುತ್ತೆ. ಆ ಕಲ್ಲಿಗೆ ಇನ್ಯಾರೋ ಬೀಳ್ತಾರೆ.

ಆದ್ರೆ ಸ್ಟಿಕ್ಕರ್‌ಗೆ ಸ್ವಂತ ಬೆಳಕಿಲ್ಲ. ಹಿಂದಿನವನ ಹೆಡ್‌ಲೈಟ್ ಬಿದ್ರೆ ಮಾತ್ರ ಅದು ಮಿನುಗೋದು. ಅವನದು ಹಳೇ ಮೊಪೆಡ್ ಆಗಿ, ಮಂಕು ಬಲ್ಬು ಇದ್ರೆ? ಸ್ಟಿಕ್ಕರ್ ಮೇಲೆ ಕೆಸರು ಕೂತಿದ್ರೆ? ಮೇವಿನ ಲೋಡು ಜೋತು ಬಿದ್ದು ಮುಚ್ಚಿದ್ರೆ? ಹಿಂದಿನವನ ಬೆಳಕನ್ನ ನಂಬ್ಕೊಂಡು ನಮ್ಮ ಗಾಡಿ ಓಡಿಸೋದು ಸರಿಯಲ್ಲ. ಎತ್ತಿನ ಗಾಡಿ ಕಾಲದವರು ಅಚ್ಚಿನ ಕೆಳಗೆ ಲಾಟೀನು ನೇತು ಹಾಕ್ತಿದ್ರು. ಅಷ್ಟು ಕಡಿಮೆ ಗಾಡಿ ಇದ್ದ ರಸ್ತೇಲೂ ಅವರಿಗೆ ಅದು ಬೇಕು ಅನಿಸಿತ್ತು. ನಮಗೆ ಹೈವೇಲಿ ಬೇಡ ಅನಿಸುತ್ತಾ?

ಭಾಗ 6/8

ಎಲ್‌ಇಡಿನೇ ಯಾಕೆ? ಮೂರು ಕಾರಣ.

ಕರೆಂಟ್ ಕಡಿಮೆ. ಹಳೇ ಥರದ ಎರಡು 5 ವ್ಯಾಟ್ ಟೈಲ್ ಬಲ್ಬು, ಎರಡು 21 ವ್ಯಾಟ್ ಬ್ರೇಕ್ ಬಲ್ಬು ಸೇರಿದ್ರೆ 52 ವ್ಯಾಟ್. ಎಲ್‌ಇಡಿಗೆ ಅದರ ಸುಮಾರು ಐದನೇ ಒಂದು ಭಾಗ ಸಾಕು. ಎರಡನೇದು, ಒಳಗೆ ತಂತಿ ಇಲ್ಲ, ಆದ್ದರಿಂದ ಟ್ರೈಲರ್ ಕುಲುಕಾಟಕ್ಕೆ ಬೇಗ ಸಾಯಲ್ಲ. ಮೂರನೇದು, ಕ್ಷಣದಲ್ಲಿ ಹತ್ತುತ್ತೆ. ತಂತಿ ಬಲ್ಬು ಕಾದು ಪೂರ್ತಿ ಬೆಳಗೋಕೆ ಸುಮಾರು 0.2 ಸೆಕೆಂಡ್ ತಗೊಳುತ್ತೆ. 60ರ ವೇಗದಲ್ಲಿ ಅಷ್ಟರೊಳಗೆ ಹಿಂದಿನವನು ಮೂರು ಮೀಟರ್‌ಗಿಂತ ಹೆಚ್ಚು ಬಂದಿರ್ತಾನೆ.

ಇನ್ನೊಂದು ತಮಾಷೆ ವಿಷಯ. ಕಣ್ಣಿಗೆ ಕಾಣೋ ಎಲ್‌ಇಡಿ 1962ರಲ್ಲಿ ಬಂದಾಗ ಅದರ ಬಣ್ಣ ಕೆಂಪು. ನಾವು ಬಾನೆಟ್‌ಗೆ ಅಂಟಿಸೋ ಜೋರು ನೀಲಿ ಬರೋಕೆ 1990ರ ದಶಕ ಆಗಬೇಕಾಯ್ತು. ಆ ನೀಲಿ ಕಂಡುಹಿಡಿದ ಜಪಾನಿನ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಸಿಕ್ತು. ನೊಬೆಲ್ ಬಂದ ನೀಲಿ ನಮ್ಮ ಟ್ರಾಕ್ಟರ್ ಮುಂದೈತೆ, ಎಲ್ಲಕ್ಕಿಂತ ಮೊದಲು ಬಂದ ಕೆಂಪು ಇನ್ನೂ ಟ್ರೈಲರ್ ಹಿಂದಕ್ಕೆ ತಲುಪಿಲ್ಲ.

ಹಾಕೋದು ಹೆಂಗೆ? ಸ್ಟ್ರಿಪ್ ಕೂರಿಸಿ ಗೊತ್ತಿರೋರಿಗೆ ಇದು ಅರ್ಧ ದಿನದ ಕೆಲಸ.

ಟೈಲ್, ಬ್ರೇಕ್, ಇಂಡಿಕೇಟರ್ ಮೂರೂ ಒಂದರಲ್ಲೇ ಇರೋ 12 ವೋಲ್ಟ್ ಲ್ಯಾಂಪ್ ಜೋಡಿ ತಗೊಳ್ಳಿ. ಐಪಿ67 ಅಂತ ಬರೆದಿರಲಿ. 6 ಅಂದ್ರೆ ಧೂಳು ನುಗ್ಗಲ್ಲ, 7 ಅಂದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದ್ರೂ ತಡೆಯುತ್ತೆ. ಲ್ಯಾಂಪನ್ನ ಹಿಂದಿನ ಡೋರ್ ಮೇಲೆ ಕೂರಿಸಬೇಡಿ, ಅನ್‌ಲೋಡ್ ಮಾಡುವಾಗ ಮೊದಲ ಏಟಿಗೇ ಪುಡಿ. ಚಾಸಿ ತುದಿಯಲ್ಲಿ, ಎರಡೂ ಮೂಲೆಗೆ, ಸುತ್ತ ಕಬ್ಬಿಣದ ಗಾರ್ಡ್ ಬೆಸುಗೆ ಹಾಕಿಸಿ ಕೂರಿಸಿ. ಬೆಸುಗೆ ಮೊದಲು, ವೈರಿಂಗ್ ಆಮೇಲೆ.

ವೈರನ್ನ ಪೈಪ್ ಒಳಗೆ ಹಾಕಿ ಚಾಸಿಗೆ ಕಟ್ಟಿ. ಎತ್ತಿ ಸುರಿಯೋ ಟ್ರೈಲರ್ ಆದ್ರೆ ಕೀಲಿನ ಹತ್ತಿರ ಸ್ವಲ್ಪ ಸಡಿಲ ಬಿಡಿ. ಎಲ್ಲಕ್ಕಿಂತ ಮುಖ್ಯ ಅರ್ಥಿಂಗ್. ಹುಕ್ಕಿನ ಕಬ್ಬಿಣದ ಮೂಲಕ ಅರ್ಥ್ ಸಿಗುತ್ತೆ ಅಂತ ಬಿಡ್ತಾರೆ. ಅಲ್ಲಿ ಗ್ರೀಸು, ತುಕ್ಕು, ಅಲ್ಲಾಟ. ಲೈಟು ಒಮ್ಮೆ ಹತ್ತುತ್ತೆ, ಒಮ್ಮೆ ಇಲ್ಲ. ಸೆವೆನ್ ಪಿನ್ ಸಾಕೆಟ್‌ನಲ್ಲಿ ಅರ್ಥ್‌ಗೇ ಒಂದು ಪಿನ್ ಐತೆ, ಅದರಿಂದ ಬೇರೆ ವೈರ್ ಎಳೀರಿ. ಬ್ಯಾಟರಿ ಹತ್ತಿರ ಫ್ಯೂಸ್ ಇರಲಿ. ಇಂಡಿಕೇಟರ್ ಪಟಪಟ ಅಂತ ಜೋರಾಗಿ ಹೊಡ್ಕೊಂಡ್ರೆ ಗಾಬರಿ ಬೇಡ. ಎಲ್‌ಇಡಿ ಎಳೆಯೋ ಕರೆಂಟ್ ಕಡಿಮೆ, ಅದಕ್ಕೆ ಹೊಂದೋ ಫ್ಲಾಶರ್ ಹಾಕಿಸಿ. ಬ್ಯಾಟರಿ ಕೆಲಸ ಹೊಸದಾದ್ರೆ ಆಟೋ ಎಲೆಕ್ಟ್ರಿಷಿಯನ್ ಪಕ್ಕ ನಿಂತು ಮಾಡಿಸಿ, ಕಲೀರಿ.

ಕೊನೆಗೆ ಟೆಸ್ಟ್: ಕತ್ತಲಾದ ಮೇಲೆ ಲೋಡ್ ಇರೋವಾಗಲೇ ಊರಿನ ಖಾಲಿ ರಸ್ತೇಲಿ 155 ಮೀಟರ್ ಹಿಂದೆ ಒಬ್ಬರನ್ನ ನಿಲ್ಲಿಸಿ. ಎರಡೂ ಬೇರೆ ಬೇರೆ ಕಾಣ್ತಾ? ಆಯ್ತು.

ಭಾಗ 7/8

ಮನೇಲಿ ಏನಂತಾರೆ ಅಂತನೂ ಗೊತ್ತು. ನಮ್ಮ ಚಿಕ್ಕಪ್ಪಂದೇ ಮಾತು: "ಏ ತಮ್ಮಾ, ಹೊಲಕ್ಕೆ ಹೋಗೋ ಟ್ರೈಲರ್‌ಗೆ ಯಾತಕ್ಕೋ ಲೈಟು? ಮೂರು ದಿನಕ್ಕೆ ಒಡೆದು ಹೋಗ್ತತಿ."

ಒಡೆಯುತ್ತೆ ಅನ್ನೋದು ಸುಳ್ಳಲ್ಲ. ರಿವರ್ಸ್‌ನಲ್ಲಿ ಗುದ್ದುತ್ತೆ, ಇಲಿ ವೈರ್ ಕಡಿಯುತ್ತೆ, ಕಟಾವಿನ ಸೀಸನ್‌ನಲ್ಲಿ ಯಾರಿಗೂ ನೋಡೋಕೆ ಪುರುಸೊತ್ತಿಲ್ಲ. ಬೆಲೆ ಬಿದ್ದ ವರ್ಷ ಈರುಳ್ಳಿ ಕಿತ್ತ ಕೂಲಿಯೂ ಹುಟ್ಟಲ್ಲ, ಆಗ ರೈತನಿಗೆ ಲೈಟು ನೆನಪಾಗದಿದ್ರೆ ಅವನನ್ನ ಬಯ್ಯೋಕೆ ನನಗೆ ಮನಸ್ಸಿಲ್ಲ. ರಸ್ತೆಗೆ ಲೈಟು ಹಾಕೋದು, ಹೈವೇ ಪಕ್ಕ ನಿಧಾನದ ಗಾಡಿಗೆ ದಾರಿ ಮಾಡೋದು ಸರ್ಕಾರದ ಕೆಲಸ, ಅದನ್ನೂ ಕೇಳಬೇಕು. ಟ್ರೈಲರ್ ಮಾಡಿಕೊಡೋ ಶೆಡ್‌ನವರು ಲೈಟು, ಗಾರ್ಡ್, ವೈರಿಂಗ್ ಸಮೇತನೇ ಕೊಡಬೇಕು, ಕೊಳ್ಳೋರು ಹಟ ಹಿಡಿದು ಕೇಳಬೇಕು.

ಆದ್ರೆ "ದುಡ್ಡಿಲ್ಲ" ಅನ್ನೋ ಮಾತು ಮುಂದೆ ನಾಲ್ಕು ಫೋಕಸ್, ಎರಡು ಸ್ಪೀಕರ್ ಇರೋ ಟ್ರಾಕ್ಟರ್‌ಗೆ ಒಪ್ಪಲ್ಲ. ಆ ಫೋಕಸ್ ಹಾಕ್ಸಿದ್ದು ಚಿಕ್ಕಪ್ಪ ಅಲ್ಲ, ನಮ್ಮ ವಯಸ್ಸಿನವರು. ಆನ್‌ಲೈನ್‌ನಲ್ಲಿ ತರಿಸಿದ್ದು ನಾವು, ಇನ್ಸುಲೇಷನ್ ಟೇಪ್ ಸುತ್ತಿದ್ದು ನಾವು, ರೀಲ್ಸ್ ಮಾಡಿದ್ದೂ ನಾವು. ಅಂದ್ಮೇಲೆ ಈ ಕೆಲಸವೂ ನಮ್ಮದೇ.

ಭಾಗ 8/8

ಲೈಟು ಅಂದ ಕೂಡಲೇ ನಮ್ಮ ತಲೇಲಿ ಬರೋದು "ನಾನು ಹೆಂಗ್ ಕಾಣ್ತೀನಿ" ಅನ್ನೋದು. ಟ್ರೈಲರ್ ಹಿಂದಿನ ಲೈಟನ್ನ ಡ್ರೈವರ್ ಓಡಿಸುವಾಗ ನೋಡೋದೇ ಇಲ್ಲ. ಅದು ಪೂರ್ತಿ ಇನ್ನೊಬ್ಬನಿಗಾಗಿ ಹಾಕೋ ಲೈಟು. ಅದಕ್ಕೇ ಅದು ಯಾವಾಗಲೂ ಕೊನೇ ಸಾಲಲ್ಲಿ ನಿಲ್ಲುತ್ತೆ.

ಆ ಇನ್ನೊಬ್ಬ ಯಾರು? ದಾವಣಗೆರೆಯಲ್ಲಿ ಕೆಲಸ ಮುಗಿಸಿ ಬೈಕ್‌ನಲ್ಲಿ ಬರ್ತಿರೋ ಪಕ್ಕದ ಮನೆ ಅಣ್ಣ. ಚಿತ್ರದುರ್ಗದ ಆಸ್ಪತ್ರೆಯಿಂದ ತಾಯಿನ ಕರ್ಕೊಂಡು ಬರ್ತಿರೋ ಕ್ಲಾಸ್‌ಮೇಟ್. ಹಾಸ್ಟೆಲ್‌ನಿಂದ ಹಬ್ಬಕ್ಕೆ ಊರಿಗೆ ಹೊರಟವನು. ಕತ್ತಲಲ್ಲಿ ಎರಡು ಸೆಕೆಂಡ್ ಸಿಕ್ಕೋದು ಇವರಿಗೇ.

ಹಂಗಾಗಿ ಒಂದು ಕೆಲಸ ಮಾಡೋಣ. ಈ ಭಾನುವಾರ ನಿಮ್ಮ ಮನೆಯದೋ, ಮಾವಂದೋ, ಓಣಿಯಲ್ಲಿ ನಿಂತಿರೋದೋ, ಒಂದು ಟ್ರೈಲರ್ ಹಿಂಭಾಗದ ಫೋಟೋ ತೆಗೀರಿ. ನಂಬರ್, ಹೆಸರು ಕಾಣಬಾರದು. ಯಾರನ್ನೂ ಅವಮಾನ ಮಾಡೋಕಲ್ಲ ಇದು. ಲೈಟು ಹಾಕಿ, ರಾತ್ರಿ ಅದೇ ಜಾಗದಲ್ಲಿ ನಿಂತು ಇನ್ನೊಂದು ಫೋಟೋ ತೆಗೀರಿ. ಎರಡನ್ನೂ ಒಟ್ಟಿಗೆ ಹಾಕಿ. ಟ್ರೈಲರ್ ಇಲ್ಲದವರು ಒಂದು ರೋಲ್ ರೇಡಿಯಂ ತಂದು ಪಕ್ಕದ ಮನೆಯವರಿಗೆ ಕೊಡಿ, ಅಂಟಿಸೋಕೆ ಕೈ ಜೋಡಿಸಿ.

ನೀಲಿ ಸ್ಟ್ರಿಪ್ ಆಮೇಲೆ ಹಾಕೋಣ, ಅದನ್ನೂ ನಿಂತ ಗಾಡಿಗೆ, ಜಾತ್ರೆ ಬಯಲಲ್ಲಿ. ರಸ್ತೆಗೆ ಮೊದಲು ಕೆಂಪು.

#ಸಿರಿಗೆರೆ #ಚಿತ್ರದುರ್ಗ #ಟ್ರಾಕ್ಟರ್ #ಹಿಂದೆಎರಡುಕೆಂಪು #155ಮೀಟರ್