ಇಂಗ್ಲೆಂಡಿನ ಬಡಕಲು ಮತಪತ್ರ

ಮೇ ತಿಂಗಳ ಮೊದಲ ಗುರುವಾರ ಇಂಗ್ಲೆಂಡಿನ ಸ್ಥಳೀಯ ಕೌನ್ಸಿಲ್‌ಗಳ ಮತದಾನ ಮುಗಿದು ಮರುದಿನ ಬೆಳಗಾಗುವಷ್ಟರಲ್ಲಿ ದೂರು ಶುರುವಾಗಿರುತ್ತದೆ. ಮೂವರಲ್ಲಿ ಒಬ್ಬರಷ್ಟೇ ಮತಗಟ್ಟೆಗೆ ಬಂದರಂತೆ, ತಮ್ಮ ಬೀದಿಯ ಆಡಳಿತ ಯಾರ ಕೈಗೆ ಹೋದರೂ ಜನಕ್ಕೆ ಚಿಂತೆಯಿಲ್ಲವಂತೆ. 2023ರಲ್ಲಿ ಮತದಾನ ಶೇ 32ರ ಆಸುಪಾಸಿನಲ್ಲಿ ನಿಂತಾಗಲೂ ಇದೇ ಮಾತು. ಸೋತವರು ಹೇಳುತ್ತಾರೆ, ಗೆದ್ದವರೂ ಹೇಳುತ್ತಾರೆ, ಟಿ.ವಿ. ಸ್ಟುಡಿಯೊದಲ್ಲಿ ಕುಳಿತ ಪಂಡಿತರೂ ಹೇಳುತ್ತಾರೆ. ತಪ್ಪನ್ನೆಲ್ಲ ಮತದಾರನ ತಲೆಗೆ ಕಟ್ಟುವ ಈ ಮಾತನ್ನು ನಾನು ಒಪ್ಪುವುದಿಲ್ಲ. ಮನೆಯಲ್ಲೇ ಉಳಿದವರಲ್ಲಿ ಬೇಸತ್ತು ಉಳಿದವರು ಬಹಳ ಮಂದಿ, ಮತ್ತು ಅವರ ಬೇಸರಕ್ಕೆ ಗಟ್ಟಿ ಕಾರಣವಿದೆ. ಎಷ್ಟೋ ವಾರ್ಡುಗಳಲ್ಲಿ ಅವರ ಮುಂದಿಡುವ ಮತಪತ್ರದಲ್ಲಿ ನಿಜವಾದ ಆಯ್ಕೆಯೇ ಇರುವುದಿಲ್ಲ; ಇದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ.

ಜನಕ್ಕೆ ಕಾಳಜಿ ಇಲ್ಲ ಎನ್ನುವವರು ಶೆಫೀಲ್ಡ್‌ನಲ್ಲಿ ನಡೆದದ್ದನ್ನು ನೋಡಬೇಕು. 2012ರಲ್ಲಿ ಆ ನಗರದ ಕೌನ್ಸಿಲ್ ರಸ್ತೆಗಳ ನಿರ್ವಹಣೆಯನ್ನು ಖಾಸಗಿ ಕಂಪನಿಯೊಂದಕ್ಕೆ 25 ವರ್ಷಗಳ ಗುತ್ತಿಗೆಗೆ ಕೊಟ್ಟಿತು. ರಸ್ತೆಬದಿಯ 17,500 ಮರಗಳನ್ನು ಕಡಿದು ಬೇರೆ ನೆಡುವ ಗುರಿ ಆ ಒಪ್ಪಂದದೊಳಗೇ ಇತ್ತು. ಅಂದರೆ ಊರಿನ ಸಾಲುಮರಗಳಲ್ಲಿ ಹತ್ತಿರ ಹತ್ತಿರ ಅರ್ಧ. 2016ರ ನವೆಂಬರ್ 17ರಂದು ಬೆಳಕು ಹರಿಯುವ ಮುನ್ನವೇ ರಸ್ಲಿಂಗ್ಸ್ ರೋಡ್‌ಗೆ ಪೊಲೀಸರ ಜೊತೆ ಗರಗಸಗಳು ಬಂದವು. ನಿದ್ದೆಯಲ್ಲಿದ್ದವರ ಬಾಗಿಲು ಬಡಿದು ಕಾರು ತೆಗೆಯಿರಿ ಎಂದರು. ಅಡ್ಡ ನಿಂತ, ಎಪ್ಪತ್ತು ದಾಟಿದ ಇಬ್ಬರು ಮಹಿಳೆಯರನ್ನು ಬಂಧಿಸಿದರು. ಎಂಟು ಮರಗಳು ಉರುಳಿದವು. ಅಲ್ಲಿಂದ ಮುಂದೆ ಬೀದಿಬೀದಿಯ ಜನ ಚಳಿಯಲ್ಲಿ ಸರದಿಯ ಮೇಲೆ ಮರ ಕಾದರು. ಕೌನ್ಸಿಲ್ ಅವರ ವಿರುದ್ಧ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. ಸರ್ ಮಾರ್ಕ್ ಲೋಕಾಕ್ ನಡೆಸಿದ ವಿಚಾರಣೆಯ ವರದಿ 2023ರಲ್ಲಿ ಹೊರಬಂದಾಗ, ಕೌನ್ಸಿಲ್ ಸಾರ್ವಜನಿಕರನ್ನಷ್ಟೇ ಅಲ್ಲದೆ ನ್ಯಾಯಾಲಯವನ್ನೂ ದಾರಿ ತಪ್ಪಿಸಿತ್ತೆಂಬುದು ಬಯಲಾಯಿತು.

ಇಷ್ಟು ಸಿಟ್ಟಿದ್ದ ಜನ ಚುನಾವಣೆಯಲ್ಲಿ ಆಡಳಿತ ಪಕ್ಷವನ್ನು ಏಕೆ ಕಿತ್ತೊಗೆಯಲಿಲ್ಲ ಎಂದು ಕೇಳಬಹುದು. ಪ್ರಯತ್ನಿಸಿದರು. ಆದರೆ ಅಲ್ಲಿ ಎಲ್ಲ 84 ಸ್ಥಾನಗಳಿಗೂ ಒಟ್ಟಿಗೆ ಚುನಾವಣೆ ನಡೆಯುವುದು ಅಪರೂಪ. ಒಂದೊಂದು ವರ್ಷ ಮೂರನೇ ಒಂದು ಭಾಗಕ್ಕೆ ಮಾತ್ರ. ಜೊತೆಗೆ ಎಲ್ಲ ನಿರ್ಧಾರಗಳೂ ಹತ್ತು ಜನರ ಕ್ಯಾಬಿನೆಟ್ಟಿನೊಳಗೆ ಮುಗಿದುಹೋಗುತ್ತಿದ್ದವು. ವಾರ್ಡಿನವರು ಎಷ್ಟೇ ಒಳ್ಳೆಯ ಸದಸ್ಯರನ್ನು ಕಳಿಸಿದರೂ ಆ ಸದಸ್ಯರ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಕೊನೆಗೆ ನಾಗರಿಕರೇ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಹಿ ಸಂಗ್ರಹಿಸಿ ಜನಮತಗಣನೆಗೆ ಒತ್ತಾಯಿಸಿದರು. 2021ರ ಮೇನಲ್ಲಿ ಮತ ಹಾಕಿದವರಲ್ಲಿ ಸುಮಾರು ಶೇ 65ರಷ್ಟು ಮಂದಿ ಕ್ಯಾಬಿನೆಟ್ ಪದ್ಧತಿ ಬೇಡ, ಎಲ್ಲ ಸದಸ್ಯರೂ ಪಾಲ್ಗೊಳ್ಳುವ ಸಮಿತಿ ಪದ್ಧತಿ ಬೇಕು ಎಂದರು. ಬಿಡುವಿನ ವೇಳೆಯಲ್ಲಿ ಮನೆ ಮನೆ ತಿರುಗಿ ಸಹಿ ಕೂಡಿಸಿದ ಈ ಜನರನ್ನು ನಿರಾಸಕ್ತರು ಎನ್ನಲು ಯಾರಿಗೂ ಹಕ್ಕಿಲ್ಲ.

ರೋಗದ ಬೇರು ಮತ ಎಣಿಸುವ ಪದ್ಧತಿಯಲ್ಲಿದೆ. ಇಂಗ್ಲೆಂಡಿನ ಕೌನ್ಸಿಲ್‌ಗಳಲ್ಲಿ ಹೆಚ್ಚು ಮತ ಪಡೆದವರು ಗೆದ್ದರು, ಉಳಿದ ಮತಗಳು ಕಸ. ಲಂಡನ್ನಿನ ಬಹುತೇಕ ವಾರ್ಡುಗಳಲ್ಲಿ ಎರಡು ಅಥವಾ ಮೂರು ಸ್ಥಾನಗಳಿದ್ದು, ಮತದಾರ ಅಷ್ಟೇ ಗುರುತು ಹಾಕಬಹುದು. ಪಕ್ಷ ನೋಡಿ ಗುರುತು ಹಾಕುವವರು ಅದೇ ಪಕ್ಷದ ಮೂವರಿಗೂ ಹಾಕುತ್ತಾರೆ, ಹಾಗಾಗಿ ಮೂರೂ ಸ್ಥಾನಗಳು ಒಂದೇ ಪಕ್ಷದ ಪಾಲಾಗುತ್ತವೆ. ಲಂಡನ್ನಿನದೇ ಭಾಗವಾದ ಲೂಯಿಶಮ್‌ನಲ್ಲಿ 2018ರಲ್ಲಿ 54ಕ್ಕೆ 54 ಸ್ಥಾನವನ್ನೂ ಲೇಬರ್ ಪಕ್ಷ ಗೆದ್ದಿತು, 2022ರಲ್ಲಿ ಮತ್ತೆ 54. ಬಾರ್ಕಿಂಗ್ ಮತ್ತು ಡಾಗೆನಮ್‌ನಲ್ಲಿ 2010ರಿಂದ ಸತತ ನಾಲ್ಕು ಚುನಾವಣೆಗಳಲ್ಲಿ 51ಕ್ಕೆ 51. ನ್ಯೂಹ್ಯಾಮ್‌ನಲ್ಲಿ 2010, 2014, 2018ರಲ್ಲಿ 60ಕ್ಕೆ 60. ಈ ಊರುಗಳಲ್ಲಿ ಕನ್ಸರ್ವೇಟಿವ್, ಗ್ರೀನ್, ಲಿಬರಲ್ ಡೆಮಾಕ್ರಟ್ ಪಕ್ಷಗಳಿಗೆ ಮತ ಹಾಕಿದವರು ಸಾವಿರ ಸಾವಿರ ಮಂದಿ. ಅವರ ಪರವಾಗಿ ಸಭೆಯಲ್ಲಿ ಒಂದು ಪ್ರಶ್ನೆ ಕೇಳಲು ಒಬ್ಬರೂ ಇರಲಿಲ್ಲ. ಬಜೆಟ್ ಮಂಡಿಸುವವರೂ ಲೇಬರ್ ಸದಸ್ಯರೇ, ಪರಿಶೀಲಿಸುವವರೂ ಅವರೇ, ಅನುಮೋದಿಸುವವರೂ ಅವರೇ.

ಇಂಥ ವಾರ್ಡಿನಲ್ಲಿ ನಿಜವಾದ ಚುನಾವಣೆ ಮೇ ತಿಂಗಳಲ್ಲಿ ನಡೆಯುವುದೇ ಇಲ್ಲ. ತಿಂಗಳುಗಳ ಮುಂಚೆ ಪಕ್ಷದ ಒಳಸಭೆಯಲ್ಲಿ ಬೆರಳೆಣಿಕೆಯ ಸದಸ್ಯರು ಕೈಯೆತ್ತಿ ಟಿಕೆಟ್ ಯಾರಿಗೆಂದು ತೀರ್ಮಾನಿಸಿದಾಗಲೇ ಅದು ಮುಗಿದಿರುತ್ತದೆ. ವಿರೋಧ ಪಕ್ಷಗಳು ಲೆಕ್ಕ ತುಂಬಿಸಲು ಯಾರದೋ ಹೆಸರು ಕೊಡುತ್ತವೆ. ಆ ಅಭ್ಯರ್ಥಿ ವಾರ್ಡಿನಲ್ಲಿ ಒಂದು ಬಾಗಿಲನ್ನೂ ತಟ್ಟಿರುವುದಿಲ್ಲ. ಸ್ಪರ್ಧಿಸುವುದು ಕಷ್ಟವೇ ಎಂದರೆ ಅದೂ ಅಲ್ಲ. ಇಂಗ್ಲೆಂಡಿನಲ್ಲಿ ಕೌನ್ಸಿಲ್ ಚುನಾವಣೆಗೆ ಠೇವಣಿ ಇಲ್ಲ, ಹಿಂದೆ ಬೇಕಿದ್ದ ಹತ್ತು ಸಹಿಗಳ ಬದಲು ಈಗ ಎರಡು ಸಾಕು. ಗೆಲ್ಲುವ ದಾರಿಯೇ ಇಲ್ಲದ ಕಣಕ್ಕೆ ಯೋಗ್ಯರು ಏಕೆ ಇಳಿಯುತ್ತಾರೆ?

ಪೈಪೋಟಿ ಇರುವ ವಾರ್ಡಿನಲ್ಲಾದರೂ ಮತದಾರನಿಗೆ ಮರ್ಯಾದೆ ಇದೆಯೇ ಎಂದರೆ, ಬಾಗಿಲಿನ ಸಂದಿಯಿಂದ ಒಳಗೆ ಬೀಳುವ ಕರಪತ್ರವನ್ನು ಎತ್ತಿ ನೋಡಬೇಕು. ಮೇಲೆ ಅಭ್ಯರ್ಥಿಯ ಫೋಟೊ, ರಸ್ತೆಯ ಗುಂಡಿಯೊಂದನ್ನು ಬೆರಳಿನಿಂದ ತೋರಿಸುತ್ತ ನಿಂತ ಭಂಗಿ. ಕೆಳಗೆ ಮೂರು ಬಣ್ಣದ ಕಂಬಗಳ ನಕ್ಷೆ: ಒಂದು ಎತ್ತರ, ಒಂದು ಅದಕ್ಕೆ ತಾಗಿಕೊಂಡಂತೆ, ಮೂರನೆಯದು ಮೋಟು. ಮೋಟು ಕಂಬದ ಪಕ್ಕ ದಪ್ಪಕ್ಷರದಲ್ಲಿ, ‘ಇವರು ಇಲ್ಲಿ ಗೆಲ್ಲಲಾರರು’. ಕಂಬಗಳ ಅಳತೆ ಅಂಕಿಗಳಿಗೆ ತಾಳೆಯಾಗದಿರುವುದೂ ಉಂಟು. ಕಸ ವಿಲೇವಾರಿ, ವೃದ್ಧರ ಆರೈಕೆ, ಗ್ರಂಥಾಲಯ, ಬಾಡಿಗೆ ಮನೆಗಳ ಬಗ್ಗೆ ಅಭ್ಯರ್ಥಿ ಏನು ಮಾಡುತ್ತಾರೆಂದು ಹೇಳಬೇಕಿದ್ದ ಜಾಗದಲ್ಲಿ, ನಿನ್ನ ಮನಸ್ಸಿಗೆ ಬಂದವರಿಗೆ ಮತ ಹಾಕಿದರೆ ವ್ಯರ್ಥ, ಎದುರಾಳಿಯನ್ನು ತಡೆಯಬೇಕಿದ್ದರೆ ನಮಗೇ ಹಾಕು ಎಂಬ ಬೆದರಿಕೆ. ಎಲ್ಲ ಪಕ್ಷಗಳೂ ಇದನ್ನು ಮಾಡುತ್ತವೆ, ಏಕೆಂದರೆ ಈಗಿನ ನಿಯಮದಡಿ ಆ ಬೆದರಿಕೆ ನಿಜವೂ ಹೌದು. ಪ್ರತಿ ಚುನಾವಣೆಯಲ್ಲೂ ಬೇಡದವರನ್ನು ತಡೆಯಲು ಒಲ್ಲದವರಿಗೆ ಮತ ಹಾಕುವ ಕರ್ಮ ಮತದಾರನದು.

ನೆರೆಯ ವೇಲ್ಸ್‌ನ ಹಲವೆಡೆ ಅಷ್ಟೂ ಇಲ್ಲ. 2022ರ ಮೇನಲ್ಲಿ ಅಲ್ಲಿ 74 ಕೌನ್ಸಿಲ್ ಸ್ಥಾನಗಳಿಗೆ ಅವಿರೋಧ ಆಯ್ಕೆ ನಡೆಯಿತು. ಗ್ವಿನೆಡ್ ಕೌನ್ಸಿಲ್ ಒಂದರಲ್ಲೇ 69ರಲ್ಲಿ 28. ಆ ವಾರ್ಡುಗಳ ಜನರಿಗೆ ಆ ದಿನ ಕೌನ್ಸಿಲರ್ ಆಯ್ಕೆಗೆ ಮತಪತ್ರವೇ ಇರಲಿಲ್ಲ.

ಇಂಗ್ಲೆಂಡಿನ ಈ ಪದ್ಧತಿಯಿಂದ ಲಾಭ ಸದಾ ಲೇಬರ್‌ಗೇ ಎಂದು ಭಾವಿಸಬೇಕಿಲ್ಲ. 2025ರ ಮೇ 1ರಂದು ಕೆಂಟ್ ಕೌಂಟಿಯಲ್ಲಿ ರಿಫಾರ್ಮ್ ಪಕ್ಷ ಸುಮಾರು ಶೇ 37 ಮತ ಪಡೆದು 81ರಲ್ಲಿ 57 ಸ್ಥಾನ ಬಾಚಿಕೊಂಡಿತು. 1997ರಿಂದ ಅಲ್ಲಿ ಅಧಿಕಾರದಲ್ಲಿದ್ದ ಕನ್ಸರ್ವೇಟಿವರಿಗೆ ಉಳಿದದ್ದು ಐದು. ಅದೇ ದಿನ ವೆಸ್ಟ್ ಆಫ್ ಇಂಗ್ಲೆಂಡ್ ಪ್ರದೇಶದ ಮೇಯರ್ ಸ್ಥಾನವನ್ನು ಲೇಬರ್ ಅಭ್ಯರ್ಥಿ ಗೆದ್ದದ್ದು ಶೇ 25 ಮತದಿಂದ, ಅದೂ ಹತ್ತರಲ್ಲಿ ಮೂವರಷ್ಟೇ ಮತ ಹಾಕಿದ ಚುನಾವಣೆಯಲ್ಲಿ. ನಾಲ್ವರಲ್ಲಿ ಮೂವರು ಬೇಡವೆಂದವರು ಮೇಯರ್ ಆಗುವ ಪದ್ಧತಿಯನ್ನು ಜನಾದೇಶ ಎಂದು ಕರೆಯುವುದು ಹೇಗೆ? ಇನ್ನು ಸರ್ರೆ, ಎಸೆಕ್ಸ್, ನಾರ್ಫೋಕ್ ಸೇರಿ ಒಂಬತ್ತು ಕೌನ್ಸಿಲ್‌ಗಳಲ್ಲಿ ಆ ಮೇನಲ್ಲಿ ಚುನಾವಣೆಯೇ ನಡೆಯಲಿಲ್ಲ. ಆಡಳಿತದ ಮರುವಿಂಗಡಣೆ ಇದೆಯೆಂದು ಸರ್ಕಾರ ಅದನ್ನು ಒಂದು ವರ್ಷ ಮುಂದೂಡಿತು. 2015ರ ಆಗಸ್ಟ್ ನಂತರ ವರ್ಷಗಟ್ಟಲೆ ಪಾಲಿಕೆ ಚುನಾವಣೆ ಕಾಣದೆ ಕಾದ ಬೆಂಗಳೂರಿನವರಿಗೆ, ಮರುವಿಂಗಡಣೆಯ ನೆಪದಲ್ಲಿ ಮುಂದೂಡಿದ ಚುನಾವಣೆಗಳು ಎಷ್ಟು ದೂರ ಜಾರುತ್ತವೆಂದು ಯಾರೂ ಹೇಳಿಕೊಡಬೇಕಿಲ್ಲ.

ಹಣದ ಮಾತನ್ನೂ ಆಡಬೇಕು. 2010-11ರಿಂದ 2017-18ರೊಳಗೆ ಇಂಗ್ಲೆಂಡಿನ ಕೌನ್ಸಿಲ್‌ಗಳಿಗೆ ಕೇಂದ್ರದ ಅನುದಾನ ನೈಜ ಲೆಕ್ಕದಲ್ಲಿ ಶೇ 49ರಷ್ಟು ಇಳಿಯಿತೆಂದು ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯೇ ಹೇಳಿದೆ. ಬರ್ಮಿಂಗ್‌ಹ್ಯಾಮ್ ಕೌನ್ಸಿಲ್ 2023ರ ಸೆಪ್ಟೆಂಬರ್‌ನಲ್ಲಿ ಹಣವಿಲ್ಲವೆಂದು ಕೈಚೆಲ್ಲಿತು. ಕೇಂದ್ರ ಸರ್ಕಾರದ ಕಮಿಷನರ್‌ಗಳು ಬಂದು ಕುಳಿತರು; ಮರುವರ್ಷ ಕೌನ್ಸಿಲ್ ತೆರಿಗೆ ಸುಮಾರು ಶೇ 10 ಏರಿತು, ಅದರ ಮರುವರ್ಷ ಮತ್ತೆ ಸುಮಾರು ಶೇ 7.5. 2025ರಲ್ಲಿ ಪೌರಕಾರ್ಮಿಕರ ಮುಷ್ಕರದಿಂದ ಬೀದಿಯಲ್ಲಿ ಕಸ ರಾಶಿ ಬಿತ್ತು. ಮತಪದ್ಧತಿ ಬದಲಾದರೆ ಖಾಲಿ ಖಜಾನೆ ತುಂಬುವುದಿಲ್ಲ, ಒಪ್ಪುತ್ತೇನೆ. ಆದರೆ ಯಾವುದನ್ನು ಕಡಿತ ಮಾಡಬೇಕು, ಯಾವುದನ್ನು ಉಳಿಸಬೇಕು ಎಂದು ತೀರ್ಮಾನಿಸುವ ಸಭೆಯಲ್ಲಿ ಊರಿನ ಎಲ್ಲ ಅಭಿಪ್ರಾಯಗಳೂ ಇರಬೇಕಾದದ್ದು ಇಂಥ ಹೊತ್ತಿನಲ್ಲೇ.

ಪರಿಹಾರ ಏನೆಂದಾಗ ಭಾರತದ ನೆಲದಿಂದ ಹೋದವರಿಗೆ ಮೊದಲು ನೆನಪಾಗುವುದು ನೋಟಾ. 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ನಮಗೆ ದಕ್ಕಿದ ಆ ಗುಂಡಿ ಬ್ರಿಟನ್ನಿನ ಮತಪತ್ರದಲ್ಲಿಲ್ಲ. ಅಲ್ಲಿ ಸಿಟ್ಟು ಬಂದವರು ಮತಪತ್ರದ ಮೇಲೆ ಉದ್ದಕ್ಕೂ ಗೀಟು ಎಳೆಯುತ್ತಾರೆ, ‘ಯಾರೂ ಬೇಡ’ ಎಂದು ಪೆನ್ಸಿಲ್‌ನಲ್ಲಿ ಬರೆಯುತ್ತಾರೆ. ಎಣಿಕೆಯ ರಾತ್ರಿ ಅಂಥ ಹಾಳೆಗಳನ್ನೆಲ್ಲ ಒಂದು ಮೇಜಿನ ಮೇಲೆ ಇಟ್ಟು, ಪಕ್ಷಗಳ ಏಜೆಂಟರು ಬಗ್ಗಿ ಓದುತ್ತಿರುವಾಗ ಚುನಾವಣಾಧಿಕಾರಿ ಒಂದೊಂದನ್ನೇ ತಿರಸ್ಕೃತ ಎಂದು ಬದಿಗಿಡುತ್ತಾರೆ. ನೋಟಾ ಇದ್ದಿದ್ದರೆ ಆ ಸಿಟ್ಟಿಗೆ ಒಂದು ಅಂಕಿ ಸಿಗುತ್ತಿತ್ತು. ಅಷ್ಟೇ. ಲೂಯಿಶಮ್‌ಗೆ ಒಬ್ಬ ವಿರೋಧ ಸದಸ್ಯನನ್ನೂ ನೋಟಾ ಕೊಡಲಾರದು.

ಕೊಡಬಲ್ಲ ಮತಪತ್ರ ಗಡಿಯಾಚೆ ಸ್ಕಾಟ್ಲೆಂಡಿನಲ್ಲಿದೆ. 2007ರಿಂದ ಅಲ್ಲಿನ ಕೌನ್ಸಿಲ್ ಚುನಾವಣೆಗಳಲ್ಲಿ ಮತದಾರರು 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾರೆ. ಕರ್ನಾಟಕದ ವಿಧಾನ ಪರಿಷತ್ತಿಗೆ ಪದವೀಧರ ಅಥವಾ ಶಿಕ್ಷಕರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಇದು ಹೊಸದಲ್ಲ. ಆಯೋಗ ಕೊಡುವ ನೇರಳೆ ಪೆನ್ನಿನಿಂದ ಹೆಸರುಗಳ ಮುಂದೆ ಅಂಕಿ ಬರೆದು ಬಂದವರು ಅವರು. ಸ್ಕಾಟ್ಲೆಂಡಿನಲ್ಲಿ ಒಂದು ವಾರ್ಡಿಗೆ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಸ್ಥಾನ. ಮೊದಲ ಆಯ್ಕೆಯವರು ಸೋತರೆ ನಿಮ್ಮ ಮತ ಎರಡನೆಯವರಿಗೆ ಹರಿಯುತ್ತದೆ, ಅಗತ್ಯಕ್ಕಿಂತ ಹೆಚ್ಚು ಪಡೆದು ಗೆದ್ದರೆ ಮಿಕ್ಕ ಪಾಲೂ ಮುಂದಕ್ಕೆ ಹೋಗುತ್ತದೆ. ‘ಇವರು ಇಲ್ಲಿ ಗೆಲ್ಲಲಾರರು’ ಎಂಬ ಕರಪತ್ರದ ಬೆದರಿಕೆ ಅಲ್ಲಿ ಬಹುಪಾಲು ಹಲ್ಲಿಲ್ಲದ್ದು. ಒಂದೇ ಪಕ್ಷದ ಇಬ್ಬರು ನಿಂತಾಗ ಯಾರು ಮೇಲೆಂದು ಮತದಾರರೇ ನಿರ್ಧರಿಸುತ್ತಾರೆ. 2003ರಲ್ಲಿ ಸ್ಕಾಟ್ಲೆಂಡಿನಲ್ಲಿ 61 ಸ್ಥಾನಗಳು ಅವಿರೋಧವಾಗಿದ್ದವು. ಹೊಸ ಪದ್ಧತಿ ಬಂದ 2007ರಲ್ಲಿ ಒಂದೂ ಇಲ್ಲ. ಗ್ಲಾಸ್ಗೋದಲ್ಲಿ ಅರ್ಧಕ್ಕಿಂತ ಕಡಿಮೆ ಮತ ಪಡೆದು ಹತ್ತರಲ್ಲಿ ಸುಮಾರು ಒಂಬತ್ತು ಸ್ಥಾನ ಹಿಡಿದಿದ್ದ ಲೇಬರ್, 2007ರಲ್ಲಿ 79ರಲ್ಲಿ 45ಕ್ಕೆ ಬಂತು. ದೊಡ್ಡ ಪಕ್ಷವಾಗಿಯೇ ಉಳಿಯಿತು, ಆದರೆ ಎದುರಿಗೆ ಪ್ರಶ್ನಿಸುವವರು ಕುಳಿತರು. 2022ರಲ್ಲಿ ಸ್ಕಾಟ್ಲೆಂಡಿನ ಮತದಾನ ಶೇ 45ರ ಹತ್ತಿರವಿತ್ತು. ಅದಕ್ಕೆ ಪದ್ಧತಿಯೊಂದೇ ಕಾರಣ ಎನ್ನಲಾರೆ. ಇಂಗ್ಲೆಂಡಿಗಿಂತ ಮೇಲೆಂಬುದನ್ನು ಮರೆಯಲೂ ಆಗದು.

ಯಾರಿಗೂ ಬಹುಮತ ಬರದೆ ಆಡಳಿತ ಕುಂಟುತ್ತದೆ ಎಂಬ ಆಕ್ಷೇಪ ಹಳೆಯದು. ಒಂದೇ ಪಕ್ಷದ ಗಟ್ಟಿ ಬಹುಮತವಿದ್ದ ನಗರಗಳಲ್ಲೇ ಮರ ಕಡಿದರು, ಖಜಾನೆ ಬರಿದಾಯಿತು. ಉಗ್ರ ಪಕ್ಷಗಳಿಗೆ ಬಾಗಿಲು ತೆರೆದಂತಾಗುತ್ತದೆ ಎಂಬುದು ಇನ್ನೊಂದು ಭಯ. ಶೇ 37 ಮತಕ್ಕೆ ಪೂರ್ತಿ ಅಧಿಕಾರ ಕೊಟ್ಟದ್ದು ಈಗಿನ ಪದ್ಧತಿಯೇ. ಪ್ರಮಾಣಕ್ಕೆ ತಕ್ಕ ಸ್ಥಾನ ಸಿಕ್ಕಿದ್ದರೆ ಕೆಂಟ್‌ನಲ್ಲಿ ಆ ಪಕ್ಷ ಬೇರೆಯವರ ಜೊತೆ ಮಾತಾಡಲೇಬೇಕಿತ್ತು.

ಇದು ದೂರದ ದೇಶದ ಜಗಳ ಎಂದು ಕನ್ನಡಿಗರು ಕೈತೊಳೆದುಕೊಳ್ಳುವಂತಿಲ್ಲ. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದರೆ ಅಲ್ಲಿ ಮತ ಹಾಕಬಹುದು. ಕೆಲಸದ ವೀಸಾದಲ್ಲಿ ಹೋದ ಹುಬ್ಬಳ್ಳಿಯ ನರ್ಸ್, ಮೈಸೂರಿನ ಎಂಜಿನಿಯರ್, ಭಾರತೀಯ ಪಾಸ್‌ಪೋರ್ಟ್ ಕೈಯಲ್ಲಿರುವಾಗಲೇ ಅಲ್ಲಿನ ಮತದಾರರು. ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಬಸವಣ್ಣನ ಪ್ರತಿಮೆ ಎದ್ದದ್ದು ಲ್ಯಾಂಬೆತ್ ಕೌನ್ಸಿಲ್‌ನ ನೆಲದಲ್ಲಿ. ಅದಕ್ಕೆ ದುಡಿದ ನೀರಜ್ ಪಾಟೀಲ್ ಕಲಬುರಗಿ ಕಡೆಯವರು, ಆ ಕೌನ್ಸಿಲ್‌ನ ಮಾಜಿ ಮೇಯರ್. ಅದೇ ಲ್ಯಾಂಬೆತ್‌ನಲ್ಲಿ 2022ರಲ್ಲಿ 63ರಲ್ಲಿ 58 ಸ್ಥಾನ ಒಂದೇ ಪಕ್ಷಕ್ಕೆ ಹೋಯಿತು. ಅಲ್ಲಿ ಬೇರೆ ಪಕ್ಷಗಳಿಗೆ ಒಲಿದ ಕನ್ನಡಿಗರ ಮತಗಳೂ ಉಳಿದವರ ಮತಗಳಂತೆಯೇ ಬಹುಮಟ್ಟಿಗೆ ಮಣ್ಣುಪಾಲು.

ಬದಲಾವಣೆಗೆ ಅಡ್ಡ ನಿಂತಿರುವುದು ಅದರಿಂದ ನಷ್ಟವಾಗುವವರೇ. 2021ರ ಕಾನೂನು ವೇಲ್ಸ್‌ನ ಕೌನ್ಸಿಲ್‌ಗಳಿಗೆ ಪ್ರಾಶಸ್ತ್ಯ ಮತಕ್ಕೆ ಹೋಗುವ ಅವಕಾಶ ಕೊಟ್ಟಿತು, ಆದರೆ ಹಳೆಯ ಪದ್ಧತಿಯಲ್ಲಿ ಗೆದ್ದ ಸದಸ್ಯರಲ್ಲೇ ಮೂರನೇ ಎರಡರಷ್ಟು ಮಂದಿ ಒಪ್ಪಬೇಕು. ಲೇಬರ್ ಪಕ್ಷದ ಸಮ್ಮೇಳನ 2022ರಲ್ಲಿ ಪ್ರಮಾಣಾನುಗುಣ ಪ್ರಾತಿನಿಧ್ಯಕ್ಕೆ ಕೈಯೆತ್ತಿತು, ನಾಯಕತ್ವ ಅದನ್ನು ಪ್ರಣಾಳಿಕೆಗೆ ಸೇರಿಸಲಿಲ್ಲ. ಅದೇ ಪಕ್ಷದ ಸರ್ಕಾರ 2025ರ ಜುಲೈನಲ್ಲಿ ತಂದ ಮಸೂದೆಯಲ್ಲಿ ಮೇಯರ್ ಚುನಾವಣೆಗೆ ಎರಡನೇ ಆಯ್ಕೆಯ ಮತವನ್ನು ಮರಳಿ ತರುವ ಪ್ರಸ್ತಾಪವಿತ್ತು. ಮೇಯರ್‌ಗೆ ಒಂದೇ ಗುರುತು ಸಾಲದೆಂದು ಒಪ್ಪಿದವರು ಕೌನ್ಸಿಲರ್‌ಗೆ ಸಾಕೆಂದು ಹೇಳುವುದರಲ್ಲಿ ನ್ಯಾಯವಿಲ್ಲ.

ಹೊಸ ದಾರಿ ಹುಡುಕಬೇಕಾಗಿಯೂ ಇಲ್ಲ. ಶೇ 5ರಷ್ಟು ಮತದಾರರು ಸಹಿ ಹಾಕಿದರೆ ಕೌನ್ಸಿಲ್‌ನ ಆಡಳಿತ ಪದ್ಧತಿಯ ಬಗ್ಗೆ ಜನಮತಗಣನೆ ನಡೆಸಲೇಬೇಕೆಂಬ ವ್ಯವಸ್ಥೆಯನ್ನು ಇಂಗ್ಲೆಂಡಿನಲ್ಲಿ 2000ದ ಕಾನೂನೇ ತಂದಿತ್ತು. ಅಂಥ ಹಕ್ಕನ್ನು ಚುನಾವಣಾ ಪದ್ಧತಿಯ ವಿಷಯದಲ್ಲೂ ಕೊಡಲಿ. ಪ್ರಾಶಸ್ತ್ಯ ಮತ ಬೇಕೋ ಬೇಡವೋ ಎಂಬುದನ್ನು ಆಯಾ ಊರಿನ ಮತದಾರರು ತೀರ್ಮಾನಿಸಲಿ. ಗೆದ್ದು ಕುಳಿತವರ ಮೂರನೇ ಎರಡರ ಒಪ್ಪಿಗೆಗೆ ಅವರು ಕಾಯುವಂತಾಗಬಾರದು.