ಕಿರುವಿಮಾನಗಳ ದುರಸ್ತಿ ಯಾರ ಹೊಣೆ?

ಸಂಪಾಜೆಯಲ್ಲಿ ನಿಂತು ವಿಮಾನದ ಮಾತನ್ನೆತ್ತಿದರೆ ಕೇಳಿದವರು ನಕ್ಕಾರೆಂಬುದನ್ನು ನಾವು ಬಲ್ಲೆವು. ಒಂದು ಮಗ್ಗುಲಿಗೆ ಪಯಸ್ವಿನಿ, ಇನ್ನೊಂದು ಮಗ್ಗುಲಿಗೆ ಘಟ್ಟದ ಗೋಡೆ, ನಡುವೆ ಅಡಕೆಯ ತೋಟಗಳು. ವಿಮಾನವಿಳಿಯುವ ಮಾತಂತಿರಲಿ, ಊರ ಹುಡುಗರು ಚೆಂಡಾಡುವುದಕ್ಕೆ ಸಮನೆಲವನ್ನು ಹುಡುಕುವುದೇ ಪ್ರಯಾಸ. ಆದಾಗ್ಯೂ ಇಂದು ನಾವು ವಾಚಕರ ಮುಂದಿಡಬಯಸುವ ಪ್ರಶ್ನೆಯು ಈ ಊರಿನಿಂದಲೇ ಆರಂಭವಾಗುವುದು ಉಚಿತವಾಗಿದೆ. ೨೦೧೮ನೆಯ ಇಸವಿಯ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡುಗಳ ಕಡೆ ಗುಡ್ಡಗಳು ಜರಿದು, ಸಂಪಾಜೆಯಿಂದ ಮಡಿಕೇರಿಗೇರುವ ಹೆದ್ದಾರಿಯು ಕಡಿದುಹೋದಾಗ, ಕೊಡಗಿಗೆ ಆಕಾಶಮಾರ್ಗವೊಂದು ಇದ್ದಿದ್ದರೆ ಎಂದು ಮರುಗಿದವರು ಕಡಮೆಯಲ್ಲ. ಜಿಲ್ಲೆಯ ಆಚೆಯ ಅಂಚಿನಲ್ಲಿ, ಕುಶಾಲನಗರದ ಬಳಿಯ ಕೂಡಿಗೆಯಲ್ಲಿ, ಕಿರು ವಿಮಾನ ನಿಲ್ದಾಣವೊಂದನ್ನು ಕಟ್ಟಬೇಕೆಂಬ ಮಾತು ವರ್ಷಗಳಿಂದ ನಡೆದಿದೆ. ನೆಲದ ಅಳತೆಯ ಚರ್ಚೆಯಾಗುತ್ತದೆ, ಓಟದ ಹಾದಿಯ ಉದ್ದದ ಚರ್ಚೆಯಾಗುತ್ತದೆ, ಪ್ರವಾಸಿಗರ ವರಮಾನದ ಚರ್ಚೆಯಂತೂ ಆಗಿಯೇ ಆಗುತ್ತದೆ. ಅಲ್ಲಿಗೆ ಬಂದಿಳಿಯುವ ಚಿಕ್ಕ ವಿಮಾನವು ಕೆಟ್ಟು ನಿಂತರೆ ಅದನ್ನು ಬಿಚ್ಚಿ ನೋಡುವವರು ಯಾರೆಂದು ಕೇಳಿದವರನ್ನು ಮಾತ್ರ ನಾವು ಇದುವರೆಗೆ ಕಂಡಿಲ್ಲ.

ಚಿಕ್ಕ ವಿಮಾನವೆಂದರೆ ನಾವು ಹೇಳುತ್ತಿರುವುದು ಶ್ರೀಮಂತರ ಜೆಟ್ಟುಗಳನ್ನಲ್ಲ. ಅಲ್ಯುಮಿನಿಯಂ ಕೊಳವೆಗಳನ್ನು ಬೋಲ್ಟುಗಳಿಂದ ಜೋಡಿಸಿ, ಹಾಯಿಬಟ್ಟೆಯಂತಹ ಪಾಲಿಯೆಸ್ಟರ್ ಬಟ್ಟೆಯನ್ನು ರೆಕ್ಕೆಗೆ ಹೊದಿಸಿ, ಸಣ್ಣದೊಂದು ಎಂಜಿನನ್ನು ಕೂಡಿಸಿದ, ಒಬ್ಬರೋ ಇಬ್ಬರೋ ಕುಳಿತುಕೊಳ್ಳಬಹುದಾದ ಮೈಕ್ರೋಲೈಟ್ ವಿಮಾನಗಳನ್ನು. ಇವುಗಳಲ್ಲಿ ಹಲವನ್ನು ಬಿಡಿಭಾಗಗಳ ಪೆಟ್ಟಿಗೆಯಾಗಿ ಕೊಂಡುತಂದು, ಹವ್ಯಾಸಿಗಳೇ ತಮ್ಮ ಮನೆಯ ಕೊಟ್ಟಿಗೆಯಲ್ಲಿ ಜೋಡಿಸಿಕೊಳ್ಳುತ್ತಾರೆ. ಬೆಂಗಳೂರಿನ ಜಕ್ಕೂರಿನಲ್ಲಿ ಇಂತಹವು ಹಾರಿವೆ; ಕೊಡಗಿನಲ್ಲಿಯೇ ಪೊನ್ನಂಪೇಟೆಯ ಕಡೆ ಪ್ರವಾಸಿಗರನ್ನು ಕುಳ್ಳಿರಿಸಿಕೊಂಡು ಹಾರಿದುದೂ ಉಂಟು. ಇವುಗಳ ಎಂಜಿನು ಸಂಪಾಜೆಯವರಿಗೆ ಸಂಪೂರ್ಣ ಅಪರಿಚಿತವಾದುದೇನೂ ಅಲ್ಲ. ತೋಟದ ಕಳೆ ಕೊಚ್ಚುವ ಯಂತ್ರದಲ್ಲಿಯೂ, ಅಡಕೆಯ ಕೊಳೆರೋಗಕ್ಕೆ ಮೈಲುತುತ್ತು ಸುಣ್ಣದ ದ್ರಾವಣವನ್ನು ಸಿಂಪಡಿಸುವ ಹಲವು ಯಂತ್ರಗಳಲ್ಲಿಯೂ ಇರುವುದು ಎರಡು ಹೊಡೆತದ ಎಂಜಿನೇ. ಹಳೆಯ ಮಾದರಿಯ ಮೈಕ್ರೋಲೈಟುಗಳಲ್ಲಿ ಬಹುವಾಗಿ ಬಳಕೆಯಾದ ಆಸ್ಟ್ರಿಯಾ ದೇಶದ ರೋಟಾಕ್ಸ್ ೫೮೨ ಕೂಡ ಅದೇ ಜಾತಿಯದು. ಗಾತ್ರ ದೊಡ್ಡದು, ನೀರಿನಿಂದ ತಂಪಾಗುವಂತಹುದು, ಅಷ್ಟೇ. ಘಟ್ಟದ ಬುಡದ ಪೇಟೆಗಳಲ್ಲಿ ಪಿಸ್ಟನ್ನಿನ ತಲೆಯ ಮಸಿಯನ್ನು ಕೆರೆದು, ಉಂಗುರಗಳನ್ನು ಬದಲಿಸಿ, ಪ್ಲಗ್ಗಿನ ಬಣ್ಣವನ್ನು ನೋಡಿಯೇ ಎಣ್ಣೆ ಹೆಚ್ಚೋ ಕಡಮೆಯೋ ಎಂದು ಹೇಳಬಲ್ಲ ಕೆಲಸಗಾರರನ್ನು ನಾವು ಕಂಡಿದ್ದೇವೆ. ಅವರಿಗೂ ವಿಮಾನದ ದುರಸ್ತಿಗಾರನಿಗೂ ಇರುವ ಅಂತರವು ಕೈಚಳಕದ್ದಲ್ಲ, ಶಿಸ್ತಿನದು. ಕಳೆಯಂತ್ರವು ನಡುತೋಟದಲ್ಲಿ ನಿಂತರೆ ಹೆಗಲ ಮೇಲೆ ಹೊತ್ತುತರಬಹುದು. ಆದುದರಿಂದಲೇ ೫೮೨ರಂತಹ ಎಂಜಿನನ್ನು ಚೆನ್ನಾಗಿ ಓಡುತ್ತಿದ್ದರೂ ೩೦೦ ಗಂಟೆಗಳ ಹಾರಾಟಕ್ಕೆ ಪೂರ್ತಿ ಬಿಚ್ಚಬೇಕೆಂದು ತಯಾರಕರು ವಿಧಿಸಿದ್ದಾರೆ. ಮಾಡಿದ ಪ್ರತಿಯೊಂದು ಕೆಲಸವನ್ನೂ ದಿನಾಂಕಸಹಿತವಾಗಿ ಪುಸ್ತಕದಲ್ಲಿ ಬರೆದಿಡಬೇಕು. ಕೆಡುವವರೆಗೆ ಕಾಯುವುದು ತೋಟದ ರೂಢಿ. ಆಕಾಶದಲ್ಲಿ ಅದು ಸಲ್ಲದು.

ನಮ್ಮ ಮಲೆನಾಡಿನ ಹವೆಯು ಇಂತಹ ಯಂತ್ರಕ್ಕೆ ಮಿತ್ರವಲ್ಲ. ಎರಡು ಹೊಡೆತದ ಎಂಜಿನಿನ ಒಳಗಿನ ಬೇರಿಂಗುಗಳಿಗೆ ಪೆಟ್ರೋಲಿನೊಡನೆ ಬಂದ ಎಣ್ಣೆಯೇ ರಕ್ಷೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಹಾರದೆ ನಿಂತ ವಿಮಾನದಲ್ಲಿ ಆ ರಕ್ಷೆಯು ಜಾರಿ, ತೇವವು ಸೇರಿ, ತುಕ್ಕು ಹಿಡಿಯುತ್ತದೆ. ಹೊರಗೆ ಹೊಳೆಯುವ ಉಕ್ಕಿನ ಕೊಳವೆಯು ಒಳಗಿನಿಂದ ಸವೆದಿರಬಹುದು. ಅಲ್ಯುಮಿನಿಯಂ ಕೊಳವೆಯಲ್ಲಿ ಬೋಲ್ಟು ತೂರುವ ದುಂಡು ರಂಧ್ರವು ನಡುಕದಿಂದ ಕಾಲಕ್ರಮೇಣ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಮಳೆ ನಿಂತು ಬಿಸಿಲು ಬಂದಿತೆಂದು ಸಂತೋಷಪಡುವಂತೆಯೂ ಇಲ್ಲ, ಏಕೆಂದರೆ ರೆಕ್ಕೆಯ ಬಟ್ಟೆಗೆ ಬಿಸಿಲೇ ಪರಮಶತ್ರು. ಅದರ ಪರೀಕ್ಷೆಯ ವಿಧಾನವು ನಮಗೆ ಬಹಳ ಹಿಡಿಸಿತು. ನಿಯತ ಗಾತ್ರದ ಸೂಜಿಯೊಂದನ್ನು ಬಟ್ಟೆಗೆ ಚುಚ್ಚಿ, ಸ್ಪ್ರಿಂಗ್ ತಕ್ಕಡಿಯಿಂದ ನಿಯತ ತೂಕದವರೆಗೆ ಎಳೆಯುತ್ತಾರೆ. ರಂಧ್ರವು ಹರಿದು ಹಿಗ್ಗದಿದ್ದರೆ ಬಟ್ಟೆ ಲೇಸು, ಹರಿದರೆ ರೆಕ್ಕೆಯ ಹೊದಿಕೆಯನ್ನೇ ಬದಲಿಸಬೇಕು. ಒಂದು ಸೂಜಿ, ಒಂದು ತಕ್ಕಡಿ, ಸುಳ್ಳು ಹೇಳದ ಒಬ್ಬ ಮನುಷ್ಯ, ಬೇಕಾದುದು ಇಷ್ಟೇ.

ಇನ್ನು ಈಚಿನ ವರ್ಷಗಳಲ್ಲಿ ಹೊಸದಾಗಿ ಬಂದೊದಗಿದ ತೊಡಕನ್ನು ಕುರಿತು ವಿಸ್ತಾರವಾಗಿಯೇ ಹೇಳಬೇಕಾಗಿದೆ. ಮೈಕ್ರೋಲೈಟುಗಳು ಬಹುಮಟ್ಟಿಗೆ ಕುಡಿಯುವುದು ಮೋಟಾರು ಕಾರಿನ ಪೆಟ್ರೋಲನ್ನೇ. ೨೦೨೩ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಪ್ರಧಾನಮಂತ್ರಿಗಳು ನೂರಕ್ಕೆ ೨೦ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆಯಿತ್ತರು. ೨೦೩೦ಕ್ಕೆಂದು ಮೊದಲು ಗೊತ್ತುಮಾಡಿದ್ದ ಗುರಿಯನ್ನು ೨೦೨೫ರಲ್ಲಿಯೇ ಮುಟ್ಟಲಾಯಿತು. ಕಬ್ಬು, ಜೋಳ ಬೆಳೆಯುವ ರೈತನಿಗೆ ಲಾಭವಾಗಲಿ, ಪರದೇಶಕ್ಕೆ ಹರಿದುಹೋಗುವ ಹಣ ಉಳಿಯಲಿ ಎಂಬ ಉದ್ದೇಶವನ್ನು ನಾವು ಹಳಿಯುವುದಿಲ್ಲ. ಆದರೆ ರೋಟಾಕ್ಸ್ ಕಂಪನಿಯು ತನ್ನ ೯೧೨ ಮಾಲೆಯ ಎಂಜಿನುಗಳಿಗೆ ಲಿಖಿತವಾಗಿ ಒಪ್ಪಿರುವುದು ನೂರಕ್ಕೆ ಹತ್ತರಷ್ಟು ಎಥನಾಲನ್ನು ಮಾತ್ರ. ಎಥನಾಲ್ ಎಂಬುದು ಗಾಳಿಯ ತೇವವನ್ನು ಹೀರುವ ವಸ್ತು. ಹಳೆಯ ರಬ್ಬರು ಕೊಳವೆಗಳನ್ನು ಅದು ಮೆತ್ತಗಾಗಿಸುತ್ತದೆ, ಕೆಲವು ಬಗೆಯ ರಾಳದಿಂದ ಮಾಡಿದ ತೊಟ್ಟಿಗಳ ಒಳಮೈಯನ್ನು ಕರಗಿಸುತ್ತದೆ. ಹೀರಿದ ನೀರು ಮಿತಿಮೀರಿದಾಗ ನೀರೂ ಎಥನಾಲೂ ಪೆಟ್ರೋಲಿನಿಂದ ಬೇರ್ಪಟ್ಟು ತೊಟ್ಟಿಯ ತಳಕ್ಕಿಳಿಯುತ್ತವೆ, ಮತ್ತು ಎಂಜಿನಿಗೆ ಹೋಗುವ ಕೊಳವೆಯು ಸಾಮಾನ್ಯವಾಗಿ ಹೊರಡುವುದು ಆ ತಳದಿಂದಲೇ. ಬೆಟ್ಟದ ಮೇಲೆ ಹಾರುವವನಿಗೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಗೀಟುಗಳುಳ್ಳ ಗಾಜಿನ ಕೊಳವೆಯಲ್ಲಿ ಸ್ವಲ್ಪ ನೀರು ಹಾಕಿ, ಮೇಲೆ ಪೆಟ್ರೋಲು ಸುರಿದು, ಚೆನ್ನಾಗಿ ಕುಲುಕಿ ಇಟ್ಟರೆ, ಎಥನಾಲನ್ನು ಕೂಡಿಕೊಂಡ ನೀರಿನ ಮಟ್ಟವು ಏರುತ್ತದೆ. ಎಷ್ಟು ಏರಿತೆಂಬುದರಿಂದ ಬೆರಕೆಯ ಪ್ರಮಾಣವನ್ನು ಅಂದಾಜು ಮಾಡಬಹುದು. ಆದರೆ ತಿಳಿದ ಮೇಲೆ ಮಾಡುವುದೇನು? ಎಥನಾಲ್ ಬೆರೆಯದ ಪೆಟ್ರೋಲನ್ನೂ ಮಾರುವಂತೆ ಆಜ್ಞೆಯಾಗಬೇಕೆಂದು ಕೋರಿದ್ದ ಅರ್ಜಿಯೊಂದನ್ನು ಸರ್ವೋಚ್ಚ ನ್ಯಾಯಾಲಯವು ೨೦೨೫ರ ಸೆಪ್ಟೆಂಬರ್ ೧ರಂದು ವಜಾಮಾಡಿತು. ಅದು ಕಾರು ಸ್ಕೂಟರುಗಳವರ ಪ್ರಶ್ನೆಯಾಗಿತ್ತು. ಕಿರುವಿಮಾನದವನ ಹೆಸರನ್ನು ಅಲ್ಲಿ ಯಾರೂ ಎತ್ತಲಿಲ್ಲವೆಂದು ಕಾಣುತ್ತದೆ.

ವಿಮಾನಕ್ಕೆಂದೇ ಮಾಡಿದ ಪೆಟ್ರೋಲು ಇದೆಯಲ್ಲವೇ ಎಂದು ಅಧಿಕಾರಿಗಳು ಹೇಳಬಹುದು. ಇದೆ. ಹಿಂದೆ ಸಂಪೂರ್ಣವಾಗಿ ಪರದೇಶದಿಂದ ಬರುತ್ತಿದ್ದ ಅವ್‌ಗ್ಯಾಸನ್ನು ಇಂಡಿಯನ್ ಆಯಿಲ್ ಸಂಸ್ಥೆಯು ೨೦೨೨ರಿಂದ ಗುಜರಾತಿನ ತನ್ನ ಶುದ್ಧೀಕರಣಾಗಾರದಲ್ಲಿ ತಯಾರಿಸುತ್ತಿರುವುದು ಅಭಿನಂದನೀಯ. ಆದರೆ ಅದರಲ್ಲಿ ಸೀಸವಿದೆ. ಸೀಸವು ಇಂತಹ ಎಂಜಿನುಗಳ ಪ್ಲಗ್ಗುಗಳಿಗೆ ಮೆತ್ತಿಕೊಳ್ಳುತ್ತದೆ, ನಾಲ್ಕು ಹೊಡೆತದವುಗಳಲ್ಲಿ ಎಣ್ಣೆಯನ್ನೂ ಕೆಡಿಸುತ್ತದೆ. ಪ್ಲಗ್ಗನ್ನೂ ಎಣ್ಣೆಯನ್ನೂ ಹೆಚ್ಚು ಹೆಚ್ಚಾಗಿ ಬದಲಿಸಬೇಕಾಗುತ್ತದೆ. ಬೆಲೆಯೂ ಹೆಚ್ಚು, ಎಲ್ಲೆಡೆ ಸಿಗುವಂತಹುದೂ ಅಲ್ಲ. ಹೀಗೆ ಕಿರುವಿಮಾನದವನು ಒಂದು ಕಡೆ ನೀರಿಗೂ ಇನ್ನೊಂದು ಕಡೆ ಸೀಸಕ್ಕೂ ನಡುವೆ ಸಿಕ್ಕಿದ್ದಾನೆ.

ದುರಸ್ತಿಯನ್ನು ಕೀಳು ಕೆಲಸವೆಂದು ಎಣಿಸುವ ಬುದ್ಧಿ ಕನ್ನಡನಾಡಿನವರಿಗಂತೂ ಶೋಭಿಸದು. ಮೈಸೂರಿನ ಎಸ್. ವಿ. ಶೆಟ್ಟಿಯವರು ೧೯೧೧–೧೨ರ ಕಾಲದಲ್ಲಿಯೇ ಇಂಗ್ಲೆಂಡಿನ ಎ. ವಿ. ರೋ ಅವರ ಕಾರ್ಖಾನೆಯಲ್ಲಿ ವಿಮಾನದ ಕೆಲಸವನ್ನು ಮಾಡಿ, ಬೆಂಗಳೂರಿಗೆ ಮರಳಿ ಅಧ್ಯಾಪಕರಾಗಿ, ೧೯೧೮ರಲ್ಲಿ ಅಕಾಲ ಮರಣಕ್ಕೀಡಾದರು. ೧೯೪೦ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಾಯದಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದ್ದು ವಿಮಾನಗಳನ್ನು ಕಟ್ಟುವುದಕ್ಕೆ; ಆದರೆ ಮಹಾಯುದ್ಧದ ನಡುವೆ, ೧೯೪೩ರಿಂದ, ಅದು ಮುಖ್ಯವಾಗಿ ಅಮೆರಿಕದ ಸೈನ್ಯದ ವಿಮಾನಗಳನ್ನೂ ಎಂಜಿನುಗಳನ್ನೂ ಬಿಚ್ಚಿ ಸರಿಪಡಿಸುವ ಕಾರ್ಖಾನೆಯಾಯಿತು. ಅನ್ಯರ ಕೆಟ್ಟ ಯಂತ್ರಗಳ ಮೇಲೆ ಪಳಗಿದ ಆ ಕೈಗಳೇ ಮುಂದೆ ೧೯೫೧ರಲ್ಲಿ ಎಚ್‌ಟಿ–೨ ತರಬೇತಿ ವಿಮಾನವನ್ನು ಹಾರಿಸಿದವು. ೧೯೫೮ರಲ್ಲಿ ಮೊದಲು ಹಾರಿದ, ಬಟ್ಟೆ ಹೊದಿಸಿದ ಪುಷ್ಪಕ್ ವಿಮಾನದಲ್ಲಿ ನಮ್ಮ ಹಾರಾಟದ ಕ್ಲಬ್ಬುಗಳ ಎಷ್ಟೋ ವೈಮಾನಿಕರು ಅಕ್ಷರಾಭ್ಯಾಸ ಮಾಡಿದರು. ೧೯೮೭ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಹಾರಿಸಿದ ಹಗುರ ಸಂಶೋಧನ ವಿಮಾನಕ್ಕೆ ಆಧಾರವಾದುದು ಅಮೆರಿಕದ ರೂಟಾನ್ ಎಂಬವರು ಮನೆಯಲ್ಲಿ ಕಟ್ಟಿಕೊಳ್ಳುವವರಿಗಾಗಿ ರಚಿಸಿದ ನಕ್ಷೆಯೇ. ಮನೆಯ ಕೊಟ್ಟಿಗೆಯನ್ನು ಪ್ರಯೋಗಾಲಯವೇ ಗೌರವಿಸಿದ ಮೇಲೆ ಸರಕಾರದ ಕಚೇರಿಯು ಗೌರವಿಸಬಾರದೇ?

ಇದಕ್ಕಿಂತ ವಿಚಿತ್ರವಾದ ಸಂಗತಿಯೊಂದುಂಟು. ಬೆಂಗಳೂರಿನ ರಾಜ್ ಹಂಸ ಸಂಸ್ಥೆಯವರು ತಯಾರಿಸಿದ ಎಕ್ಸ್–ಏರ್ ಎಂಬ ಕಿರುವಿಮಾನವು ಬಿಡಿಭಾಗಗಳಾಗಿ ಫ್ರಾನ್ಸಿಗೂ ಬ್ರಿಟನ್ನಿಗೂ ಹೋಗಿ ಅಲ್ಲಿ ಹೆಸರಾಯಿತು. ಬ್ರಿಟನ್ನಿನ ಹವ್ಯಾಸಿಯು ಅದನ್ನು ತನ್ನ ಮನೆಯ ಶೆಡ್ಡಿನಲ್ಲಿ ಜೋಡಿಸುತ್ತಾನೆ, ತಾನೇ ದುರಸ್ತಿ ಮಾಡಿಕೊಳ್ಳುತ್ತಾನೆ. ಅಲ್ಲಿನ ಮೈಕ್ರೋಲೈಟ್ ಸಂಘವು ಒಪ್ಪಿದ ಪರೀಕ್ಷಕನು ವರ್ಷಕ್ಕೊಮ್ಮೆ ಬಂದು ಸೂಜಿ ಚುಚ್ಚಿ, ಬೋಲ್ಟು ಮುಟ್ಟಿ, ಪುಸ್ತಕ ಓದಿ, ಸಹಿ ಹಾಕುತ್ತಾನೆ. ಅಮೆರಿಕದಲ್ಲಿ ವಿಮಾನವನ್ನು ಬಹುಪಾಲು ತಾನೇ ಕಟ್ಟಿದವನಿಗೆ ಆ ಒಂದು ವಿಮಾನದ ಮಟ್ಟಿಗೆ ವಾರ್ಷಿಕ ಪರೀಕ್ಷೆಯ ಅಧಿಕಾರಪತ್ರವನ್ನೇ ಕೊಡುತ್ತಾರೆ. ಕನ್ನಡನಾಡಿನಲ್ಲಿ ತಯಾರಾದ ವಿಮಾನವನ್ನು ಲಂಡನ್ನಿನ ಆಸುಪಾಸಿನಲ್ಲಿ ಸುಲಭವಾಗಿ ಸಾಕಬಹುದು, ಕೊಡಗಿನಲ್ಲಿ ಸಾಕುವುದು ಕಷ್ಟ! ಅಂತಹ ಪರೀಕ್ಷಕರ ಸುವ್ಯವಸ್ಥಿತ ಬಳಗವು ನಮ್ಮಲ್ಲಿ ಬೆಳೆದಿಲ್ಲ. ಮುಂಬಯಿಯ ಅಮೋಲ್ ಯಾದವರು ತಮ್ಮ ಮನೆಯ ಮಾಳಿಗೆಯ ಮೇಲೆ ಕಟ್ಟಿದ ವಿಮಾನವು ೨೦೧೬ರ ಫೆಬ್ರವರಿಯಲ್ಲಿ ಸರಕಾರದ ಪ್ರದರ್ಶನದಲ್ಲಿಯೇ ಎಲ್ಲರ ಕಣ್ಣಿಗೆ ಬಿದ್ದರೂ, ನೋಂದಣಿಯ ಪತ್ರವು ದೊರೆತುದು ೨೦೧೭ರ ನವೆಂಬರಿನಲ್ಲಿ. ಪರೀಕ್ಷಾ ಹಾರಾಟಕ್ಕೆ ೨೦೨೦ ಬರಬೇಕಾಯಿತು. ೧೯೩೪ರ ಬ್ರಿಟಿಷರ ವಿಮಾನ ಕಾಯಿದೆಯು ಹೋಗಿ, ೨೦೨೫ರ ಜನವರಿ ೧ರಿಂದ ಭಾರತೀಯ ವಾಯುಯಾನ ಅಧಿನಿಯಮವು ಜಾರಿಗೆ ಬಂದಿದೆ. ಹೆಸರು ಸ್ವದೇಶಿಯಾಯಿತು, ಸ್ವದೇಶಿ ಕೈಕೆಲಸಗಾರನಿಗೆ ಅದರಲ್ಲಿ ಎಷ್ಟು ಎಡೆ ದೊರೆಯುವುದೆಂಬುದು ಮುಂದಿನ ನಿಯಮಗಳಿಂದ ಗೊತ್ತಾಗಬೇಕಾಗಿದೆ.

ಅಧಿಕಾರಿಗಳ ಪಕ್ಷದಲ್ಲಿಯೂ ಹೇಳಬೇಕಾದ ಮಾತಿದೆ. ಹಳ್ಳಿಯ ಯುವಕನೊಬ್ಬನು ಹಳೆಯ ಮೋಟಾರ್ ಸೈಕಲ್ಲಿನ ಎಂಜಿನಿಗೆ ರೆಕ್ಕೆ ಕಟ್ಟಿದನೆಂಬ ವಾರ್ತೆ ಆಗಾಗ ಬರುತ್ತದೆ. ಊರವರು ಹಾರ ಹಾಕುತ್ತಾರೆ, ಪತ್ರಿಕೆಗಳು ಚಿತ್ರ ಅಚ್ಚುಹಾಕುತ್ತವೆ. ಈ ದೋಷದಲ್ಲಿ ನಮ್ಮ ಪಾಲೂ ಉಂಟೆಂದು ಒಪ್ಪಿಕೊಳ್ಳುತ್ತೇವೆ. ಬೋಲ್ಟು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಕಬ್ಬಿಣದ ಅಂಗಡಿಯ ಬೋಲ್ಟೂ ವಿಮಾನದ ಬೋಲ್ಟೂ ಕಣ್ಣಿಗೆ ಒಂದೇ ಸಮನಾಗಿ ಕಂಡರೂ ತಾಳುವ ಶಕ್ತಿಯಲ್ಲಿ ಒಂದೇ ಅಲ್ಲ. ನೈಲಾನ್ ಬಳೆಯುಳ್ಳ ನಟ್ಟಿನ ಹಿಡಿತವು ಒಮ್ಮೆ ಬಿಚ್ಚಿ ಮತ್ತೊಮ್ಮೆ ಬಿಗಿದಂತೆಲ್ಲಾ ಸಡಲುತ್ತದೆ. ಹಾರುವವನು ತನ್ನ ಪ್ರಾಣವನ್ನು ಪಣವಾಗಿಡುವುದು ಅವನ ಇಚ್ಛೆ. ಕೆಳಗಿನ ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರ ಪ್ರಾಣವನ್ನು ಪಣವಾಗಿಡುವ ಅಧಿಕಾರ ಅವನಿಗಿಲ್ಲ. ಆದುದರಿಂದ ಪರೀಕ್ಷೆ ಇರಲೇಬೇಕು, ಕಟುವಾಗಿಯೇ ಇರಬೇಕು. ನಮ್ಮ ತಕರಾರು ಪರೀಕ್ಷೆಯ ಮೇಲಲ್ಲ, ಪರೀಕ್ಷಕನು ಸಿಗದಿರುವುದರ ಮೇಲೆ. ಬಾಗಿಲೇ ಇಲ್ಲದ ಗೋಡೆಯು ನಿಯಮವನ್ನು ಪಾಲಿಸುವವನನ್ನು ಮಾತ್ರ ತಡೆಯುತ್ತದೆ; ಪಾಲಿಸದವನು ತೋಟದ ಮೂಲೆಯಲ್ಲಿ ಕದ್ದು ಹಾರುತ್ತಾನೆ.

ಕೂಡಿಗೆಯ ಯೋಜನೆಯು ಇನ್ನೂ ಕಾಗದದ ಮೇಲಿರುವಾಗಲೇ ಅದರ ಅಂದಾಜುಪಟ್ಟಿಯಲ್ಲಿ ಒಂದು ಕಾರ್ಯಾಗಾರವೂ, ತೇವ ತಗಲದ ಒಂದು ಕೊಟ್ಟಿಗೆಯೂ, ಎಥನಾಲ್ ಬೆರೆಯದ ಪೆಟ್ರೋಲಿನ ಚಿಕ್ಕದೊಂದು ತೊಟ್ಟಿಯೂ ಸೇರಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಇಡೀ ದೇಶದ ಬಂಕುಗಳನ್ನು ಬದಲಿಸಿರೆಂದು ನಾವು ಕೇಳುತ್ತಿಲ್ಲ. ಜಕ್ಕೂರಿನಲ್ಲಿಯೂ ಮೈಸೂರಿನಲ್ಲಿಯೂ ಹಾರಾಟದವರಿಗೆಂದು ತಿಂಗಳಿಗೆ ಕೆಲವು ಪೀಪಾಯಿಗಳಾದರೂ ಸಾಕು. ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯವು ಅನುಭವಿಗಳಾದ ನಿವೃತ್ತ ವಿಮಾನ ಎಂಜಿನಿಯರುಗಳನ್ನು ಆರಿಸಿ—ಬೆಂಗಳೂರಿನಲ್ಲಿ ಅಂತಹವರಿಗೇನು ಕೊರತೆ?—ಕಿರುವಿಮಾನಗಳ ಮಟ್ಟಿಗೆ ಸಹಿಯ ಅಧಿಕಾರವನ್ನು ಕೊಟ್ಟು ಜಿಲ್ಲೆಗಳಿಗೆ ಕಳುಹಿಸಬಹುದು. ಕೈಗಾರಿಕಾ ತರಬೇತಿ ಶಾಲೆಗಳಲ್ಲಿ ಸಣ್ಣ ಎಂಜಿನುಗಳನ್ನು ಕಲಿಯುವ ಹುಡುಗರಿಗೆ ದಾಖಲೆ ಬರೆಯುವ ಅಭ್ಯಾಸವನ್ನೂ ಬಟ್ಟೆಯ ಪರೀಕ್ಷೆಯನ್ನೂ ಕಲಿಸುವುದಕ್ಕೆ ಹೊಸ ಕಟ್ಟಡವೇನೂ ಬೇಡ. ಎಂಜಿನಿನ ಮಾತು ಬೇರೆ. ನಮ್ಮ ಪ್ರಯೋಗಾಲಯವು ೨೦೨೧ರಲ್ಲಿ ಹಾರಿಸಿದ ಹೊಸ ಹಂಸ ವಿಮಾನಕ್ಕೂ ರೋಟಾಕ್ಸೇ ಗತಿಯಾಗಿರುವಾಗ ಆ ಪರಾಧೀನತೆಯು ನಾಳೆಯೇ ತೀರುವಂತಹುದಲ್ಲ. ಎರಡು ಹೊಡೆತದ ೫೮೨ರ ತಯಾರಿಕೆಯನ್ನು ಆ ಕಂಪನಿಯು ನಿಲ್ಲಿಸಿಯೂ ಆಗಿದೆ. ಈಗಿರುವ ಎಂಜಿನುಗಳನ್ನು ಬಿಚ್ಚಿ, ತೊಳೆದು, ಮತ್ತೆ ಕೂಡಿಸಬಲ್ಲ ಕೈಗಳು ಕೂಡಿಗೆಯ ಓಟದ ಹಾದಿಗೆ ಡಾಂಬರು ಬೀಳುವ ಮೊದಲೇ ಸಿದ್ಧವಾಗಬೇಕಾಗಿದೆ. ಅಂತಹ ಕೈಗಳನ್ನು ಹುಡುಕುವ ಅಧಿಕಾರಿಗಳು ಘಟ್ಟವಿಳಿದು ಸಂಪಾಜೆಯ ಪೇಟೆಯವರೆಗೂ ಬರಲಿ.